ರಾಬಿನ್ಸನ್ನರ ಗೋತ್ರಪ್ರವರ

ವಾಲ್ಟ್ ಡಿಸ್ನಿ ಸಂಸ್ಥೆಯವರು 2007ರಲ್ಲಿ ಹೊರತಂದ ‘ಮೀಟ್ ದ ರಾಬಿನ್ಸನ್ಸ್’ ಎಂಬ ಚಲಚ್ಚಿತ್ರವು ಬಾಲಕರ ವಿನೋದಾರ್ಥವಾಗಿ ರಚಿತವಾದುದೆಂದು ಲೋಕವೆಲ್ಲ ನಂಬಿದೆ. ಆದರೆ ಅದನ್ನು ಒಮ್ಮೆ ಮಕ್ಕಳೊಡನೆ ನಗುತ್ತ ನೋಡಿ, ಮತ್ತೊಮ್ಮೆ ಮಕ್ಕಳು ಮಲಗಿದ ಮೇಲೆ ಒಬ್ಬರೇ ಕುಳಿತು ನೋಡಿದವರಿಗೆ, ಇದು ವಿನೋದವೋ, ವೇದಾಂತವೋ, ಅಥವಾ ಕಾನೂನಿನ ಕಾಲೇಜಿನ ಅಧ್ಯಾಪಕನೊಬ್ಬನು ದಾಯಭಾಗದ ಪ್ರಶ್ನೆಪತ್ರಿಕೆಗಾಗಿ ಹೆಣೆದ ಸಮಸ್ಯೆಯೋ ಎಂಬ ಸಂದೇಹ ಹುಟ್ಟದೆ ಇರದು. ನ್ಯೂ ಜೆರ್ಸಿಯಲ್ಲಿರುವ ನನ್ನ ಮಗಳ ಮನೆಯಲ್ಲಿ, ಹೊರಗೆ ಹಿಮವೂ ಒಳಗೆ ಹೀಟರೂ ಪರಸ್ಪರ ಸ್ಪರ್ಧಿಸುವ ಋತುವಿನಲ್ಲಿ, ಪ್ರವಾಸಿ ವೀಸಾದ ಮೇಲೆ ಬಂದ ತಾತ ಅಜ್ಜಿಯರಿಗೆ ವಿಧಿಸಲ್ಪಟ್ಟ ಕರ್ತವ್ಯಗಳಲ್ಲಿ ಮೊದಲನೆಯದು ಮೊಮ್ಮಕ್ಕಳನ್ನು ಕಾಯುವುದು, ಎರಡನೆಯದು ಅವರು ನೋಡುವುದನ್ನೆಲ್ಲ ತಾವೂ ನೋಡುವುದು. ಮಕ್ಕಳಾದರೋ ಒಂದು ಚಿತ್ರವನ್ನು ಹಿಡಿದರೆ ಅದು ಬಾಯಿಪಾಠವಾಗುವವರೆಗೆ ಬಿಡುವವರಲ್ಲ. ಹೀಗಾಗಿ ರಾಬಿನ್ಸನ್ನರ ಸಂಸಾರವು ಆ ಚಳಿಗಾಲದಲ್ಲಿ ನಮ್ಮ ಸಂಸಾರದೊಳಗೇ ವಾಸ್ತವ್ಯ ಹೂಡಿತೆನ್ನಬೇಕು.

ಕಥಾವಸ್ತು ವಿಲಿಯಂ ಜಾಯ್ಸ್ ಎಂಬ ಲೇಖಕರು 1990ರಲ್ಲಿ ಪ್ರಕಟಿಸಿದ ಮಕ್ಕಳ ಪುಸ್ತಕವೊಂದನ್ನು ಆಧರಿಸಿದ್ದು. ಲೂಯಿಸನು 12 ವರ್ಷದ ಅನಾಥ ಬಾಲಕ. ಮಳೆಯ ರಾತ್ರಿಯಲ್ಲಿ ತನ್ನನ್ನು ಅನಾಥಾಲಯದ ಮೆಟ್ಟಿಲ ಮೇಲಿಟ್ಟು ಹೋದ ತಾಯಿಯ ಮುಖವನ್ನು ಹೇಗಾದರೂ ಕಾಣಬೇಕೆಂದು, ಮರೆತ ನೆನಪುಗಳನ್ನು ತೆರೆಯ ಮೇಲೆ ಮೂಡಿಸುವ ಯಂತ್ರವೊಂದನ್ನು ಅವನು ಕಟ್ಟುತ್ತಾನೆ. ದತ್ತು ಪಡೆಯಲು ಬಂದವರ ಮುಂದೆ ಅವನು ಎದುರಿಸಿರುವ ಸಂದರ್ಶನಗಳು 124. ಫಲಿಸಿದ್ದು ಒಂದೂ ಇಲ್ಲ. ನಮ್ಮ ಕಡೆಯ ಎಂಜಿನಿಯರುಗಳು ಸಹ, ಆರ್ಥಿಕ ಮುಗ್ಗಟ್ಟಿನ ವರ್ಷಗಳಲ್ಲಿಯೂ, ಅಷ್ಟು ಸಂದರ್ಶನಗಳಿಗೆ ಹೋಗಿ ಧೈರ್ಯಗೆಡದೆ ಉಳಿದುದನ್ನು ನಾನು ಕೇಳಿಲ್ಲ. ಇಂಥವನನ್ನು 2037ನೆಯ ಇಸವಿಯಿಂದ ಬಂದ ವಿಲ್ಬರ್ ರಾಬಿನ್ಸನ್ ಎಂಬ 13 ವರ್ಷದ ಹುಡುಗನು ಕಾಲಯಂತ್ರದಲ್ಲಿ ಕೂರಿಸಿಕೊಂಡು ಭವಿಷ್ಯಕ್ಕೆ ಕರೆದೊಯ್ಯುತ್ತಾನೆ. ಬಹಳ ಹೊತ್ತಿನ ಮೇಲೆ ತಿಳಿಯುವ ಗುಟ್ಟೇನೆಂದರೆ, ಆ ವಿಲ್ಬರನು ಬೇರೆ ಯಾರೂ ಅಲ್ಲ, ಲೂಯಿಸನಿಗೆ ಮುಂದೆ ಹುಟ್ಟಲಿರುವ ಮಗ.

ಇಲ್ಲಿಗೆ ಬಂದಾಗ ನನ್ನ ಗೃಹಿಣಿ ಹೆಣೆಯುತ್ತಿದ್ದ ಉಲ್ಲನ್ನು ಮಡಿಲಲ್ಲಿಟ್ಟು, “ಏನೂಂದ್ರೆ, ಈ ಹುಡುಗಂದು ಯಾವ ಗೋತ್ರ?” ಎಂದಳು. ತಂದೆತಾಯಿಗಳೇ ತಿಳಿಯದವನಿಗೆ ಗೋತ್ರವೆಲ್ಲಿಯದೆಂದು ನಾನು ಕೇಳಿದ್ದಕ್ಕೆ, “ಗೋತ್ರ ಗೊತ್ತಿಲ್ಲದೋರಿಗೆ ಕಾಶ್ಯಪ ಗೋತ್ರ ಅಂತ ಶಾಸ್ತ್ರದೋರೇ ಹೇಳಿಟ್ಟಿಲ್ವೆ?” ಎಂದು ಅವಳೇ ಸಮಾಧಾನವನ್ನೂ ಕೊಟ್ಟಳು. ದತ್ತು ಹೋದೊಡನೆ ಆ ಗೋತ್ರ ಕಳೆದು ರಾಬಿನ್ಸನ್ನರ ಗೋತ್ರ ಬರುತ್ತದೆಂಬಲ್ಲಿಗೆ ಆ ರಾತ್ರಿಯ ಧರ್ಮಜಿಜ್ಞಾಸೆ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ, ಏಕೆಂದರೆ ಭವಿಷ್ಯದ ಆ ಮನೆಯಲ್ಲಿ, ಈ ಬಾಲಕನು ಯಾರೆಂದರಿಯದ ವಿಲ್ಬರನ ತಾಯಿ ಫ್ರಾನಿ, ಅವನ ಅನಾಥಸ್ಥಿತಿಗೆ ಮರುಗಿ ತಾನೇ ಅವನನ್ನು ದತ್ತು ತೆಗೆದುಕೊಳ್ಳಲು ಮುಂದಾಗುತ್ತಾಳೆ. ಅಂದರೆ ಧರ್ಮಪತ್ನಿಯು ತನ್ನ ಪತಿಯನ್ನೇ ಪುತ್ರನನ್ನಾಗಿ ಸ್ವೀಕರಿಸಲು ಕೈ ಚಾಚುತ್ತಾಳೆ. ಆ ದತ್ತಕವು ನೆರವೇರಿದ್ದರೆ ಮಗನು ತಂದೆಗೆ ಅಣ್ಣನಾಗುತ್ತಿದ್ದನು, ಸಾಕಿದ ತಾಯಿತಂದೆಗಳು ಅಜ್ಜ ಅಜ್ಜಿಯರಾಗುತ್ತಿದ್ದರು, ಆಸ್ತಿಗೆ ತನಗೆ ತಾನೇ ವಾರಸುದಾರನಾಗಿ ಕೊನೆಗೆ ತನ್ನ ಶ್ರಾದ್ಧವನ್ನು ತಾನೇ ಮಾಡುವ ಹೊಣೆಯೂ ಅವನ ಹೆಗಲಿಗೇ ಬೀಳುತ್ತಿತ್ತು. ಹುಡುಗನ ತಲೆಯನ್ನು ಮರೆಸಿದ್ದ ಹಣ್ಣುಗಳ ಟೋಪಿ ಜಾರಿ, ಎಷ್ಟು ಬಾಚಿದರೂ ನೆಟ್ಟಗೆ ನಿಲ್ಲುವ ಅವನ ಕೂದಲು ಹೊರಬಿದ್ದುದರಿಂದ ಆ ಮಹಾಸಂಕರವು ತಪ್ಪಿತು. ಒಂದು ಕುಲದ ಮರ್ಯಾದೆಯು ಇಷ್ಟು ತೆಳುವಾದ ಕೂದಲಿನ ಮೇಲೆ ನಿಂತದ್ದು ನಮ್ಮ ಪುರಾಣಗಳಲ್ಲಿಯೂ ಇಲ್ಲ.

ಇದಕ್ಕಿಂತಲೂ ನನಗೆ ಸೋಜಿಗವೆನಿಸಿದ್ದು ಅವನ ವಿವಾಹ. ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರಕ್ಕೆ ಹುಡುಗನನ್ನು ತಂದೆ ಕರೆದೊಯ್ಯುತ್ತಾನೆ. ಇಲ್ಲಿ ತಂದೆಯನ್ನು ಮಗನೇ ಕರೆದೊಯ್ದು ತನ್ನ ತಾಯಿಯನ್ನು ತೋರಿಸುತ್ತಾನೆ! ಮರಳಿ ತನ್ನ ಕಾಲಕ್ಕೆ ಬಂದ ಲೂಯಿಸನು, ಕಪ್ಪೆಗಳಿಗೆ ಸಂಗೀತಜ್ಞಾನವಿದೆಯೆಂದು ವಾದಿಸುವ ಪುಟ್ಟ ಹುಡುಗಿಯೊಬ್ಬಳನ್ನು ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಕಂಡು, ಅವಳ ಮಾತನ್ನು ತಕ್ಷಣವೇ ಒಪ್ಪಿಕೊಳ್ಳುತ್ತಾನೆ. ಒಪ್ಪದೆ ಏನು ಮಾಡಿಯಾನು? ಅವಳೇ ತನ್ನ ಹೆಂಡತಿಯೆಂಬುದು ಅವನಿಗೆ ಗೊತ್ತು. ಕೈಹಿಡಿಯುವವಳು, ಹುಟ್ಟುವ ಮಗ, ಕಟ್ಟುವ ಮನೆ, ಆ ಮನೆಯ ಬಟ್ಲರನಾದ ಅಷ್ಟಪದಿ, ಇವೆಲ್ಲವನ್ನೂ 12ನೆಯ ವಯಸ್ಸಿನಲ್ಲಿಯೇ ಕಣ್ಣಾರೆ ಕಂಡು ಬಂದ ಬಾಲಕನಿಗೆ ಇನ್ನು ಮುಂದೆ ಬದುಕಿನಲ್ಲಿ ಆರಿಸಿಕೊಳ್ಳತಕ್ಕದ್ದು ಏನು ಉಳಿಯಿತೆಂಬುದನ್ನು ಚಿತ್ರವು ಹೇಳುವ ಗೋಜಿಗೆ ಹೋಗುವುದಿಲ್ಲ. ನಮ್ಮ ಜ್ಯೋತಿಷಿಗಳು ಎಷ್ಟೋ ವಾಸಿ, ತಪ್ಪನ್ನಾದರೂ ಹೇಳುತ್ತಾರೆ.

ಮೊದಲ ನೋಟಕ್ಕೆ ಕಣ್ಣು ತಪ್ಪಿಸುವ ಸಣ್ಣ ಚೇಷ್ಟೆಗಳೂ ಅಲ್ಲಲ್ಲಿ ಹುದುಗಿವೆ. ಭವಿಷ್ಯದ ನಗರವನ್ನು ಪ್ರವೇಶಿಸುವಾಗ ಕಾಣುವ ವಿಹಾರೋದ್ಯಾನಕ್ಕೆ ‘ಟುಡೇಲ್ಯಾಂಡ್’ ಎಂದು ಹೆಸರು. ಡಿಸ್ನಿಯವರ ಉದ್ಯಾನದ ‘ಟುಮಾರೋಲ್ಯಾಂಡ್’ ಎಂಬ ಭಾಗವು ಅಷ್ಟು ವರ್ಷಗಳಲ್ಲಿ ಇಂದಿನದಾಗಿಬಿಟ್ಟಿದೆಯೆಂಬ ಆತ್ಮಪರಿಹಾಸ ಅದರಲ್ಲಿದೆ. ಮನೆಯ ನಾಯಿಯು ಕನ್ನಡಕ ಹಾಕಿಕೊಂಡಿರುವುದೇಕೆಂದು ಕೇಳಿದರೆ, ಕಾಂಟ್ಯಾಕ್ಟ್ ಲೆನ್ಸಿಗೆ ಅದರ ಇನ್ಷೂರೆನ್ಸ್ ಹಣ ಕೊಡದಿರುವುದರಿಂದ ಎಂಬ ಉತ್ತರ ಬರುತ್ತದೆ. ಮಕ್ಕಳು ಇಲ್ಲಿ ನಗಲಿಲ್ಲ. ಹಲ್ಲುನೋವನ್ನು ಲವಂಗದೆಣ್ಣೆಯಲ್ಲಿ ಸಂತೈಸುತ್ತ ಬೆಂಗಳೂರಿಗೆ ಮರಳುವ ದಿನವನ್ನು ಕಾಯುತ್ತಿದ್ದ ಅವರ ಅಜ್ಜಿ ಮಾತ್ರ ಮನಸಾರೆ ನಕ್ಕಳು. ಇನ್ನು ಲೂಯಿಸನನ್ನು ದತ್ತು ಪಡೆಯಲಿರುವ ವಿಜ್ಞಾನಿ ಮಹಿಳೆಯು ತೋಳಿನ ಮೇಲೆ ಅಂಟಿಸಿಕೊಂಡಿರುವ ಒಂದೊಂದು ಕೆಫೀನ್ ಪಟ್ಟಿಯೂ 12 ಲೋಟ ಕಾಫಿಗೆ ಸಮ. ಆಕೆ ಎಂಟು ದಿನಗಳಿಂದ ಕಣ್ಣು ಮುಚ್ಚಿಲ್ಲ. ಡಿಕಾಕ್ಷನ್ನು ಇಲ್ಲ, ನೊರೆಯಿಲ್ಲ, ಪರಿಮಳವಿಲ್ಲ, ಬರಿಯ ಎಚ್ಚರ! ಮೈಸೂರಿನ ಕಡೆಯವನಾಗಿ ಈ ಭವಿಷ್ಯವನ್ನು ನಾನು ಖಂಡಿಸಲೇಬೇಕು.

ಕಾಲಪ್ರಯಾಣದ ಸಾಧ್ಯಾಸಾಧ್ಯತೆಯನ್ನು ಕುರಿತು ನನ್ನ ಅಳಿಯನಿಗೆ ಯಾವ ಸಂಶಯವೂ ಇಲ್ಲ. ಅವನು ಎಚ್-1ಬಿ ವೀಸಾದ ಮೇಲಿರುವವನು. ಗ್ರೀನ್ ಕಾರ್ಡಿಗೆ ಕಾದಿರುವವರ ಸರದಿಯ ತಾರೀಖನ್ನು ಅಮೆರಿಕದ ಸರ್ಕಾರವು ತಿಂಗಳಿಗೊಮ್ಮೆ ಪ್ರಕಟಿಸುತ್ತದಷ್ಟೆ. ಯಾವೊಂದು ದೇಶದವರಿಗೂ ನೂರಕ್ಕೆ 7ಕ್ಕಿಂತ ಹೆಚ್ಚು ಸಲ್ಲಕೂಡದೆಂಬ ಕಟ್ಟಳೆಯಿರುವುದರಿಂದ ಭಾರತೀಯರ ತಾರೀಖು ಆಮೆಯ ಗತಿಯಲ್ಲಿ ಸಾಗಿ, ಕೆಲವು ತಿಂಗಳು ನಿಂತು, ಕೆಲವೊಮ್ಮೆ ವರ್ಷಗಟ್ಟಲೆ ಹಿಂದಕ್ಕೂ ಹೋಗುತ್ತದೆ. “ಕಾಲ ಹಿಂದಕ್ಕೆ ಹೋಗುತ್ತೆ ಅನ್ನೋದಕ್ಕೆ ಸಿನಿಮಾ ಯಾಕೆ ಬೇಕು ಮಾವ, ಈ ಪಟ್ಟಿ ನೋಡಿ,” ಎಂದು ಅವನು ಫೋನನ್ನು ನನ್ನ ಕೈಗಿತ್ತನು. ಮುಂದೆ ಸಾಗುತ್ತಲೇ ಇರಬೇಕೆಂಬ ವಾಲ್ಟ್ ಡಿಸ್ನಿಯವರ ಮಾತೇ ಇಡೀ ಚಿತ್ರದ ಪಲ್ಲವಿ, ಕೊನೆಯಲ್ಲಿ ಅದನ್ನು ಅವರ ಹೆಸರಿನೊಡನೆಯೇ ತೋರಿಸುತ್ತಾರೆ. ಆದರೆ ಚಿತ್ರದಲ್ಲಿ ಯಾರ ಇಷ್ಟಾರ್ಥವೂ ಹಿಂದಕ್ಕೆ ಹೋಗಿ ಬಾರದೆ ಸಿದ್ಧಿಸುವುದಿಲ್ಲ. 2037ರ ಹೊತ್ತಿಗೆ ಕಾಲಯಂತ್ರ ಬಂದರೂ ಬರಬಹುದು, ತನ್ನ ಕಾರ್ಡು ಬರುವುದೆಂಬ ನಂಬಿಕೆಯಿಲ್ಲವೆಂದು ಅಳಿಯನ ಅಭಿಪ್ರಾಯ.

ಈ ಮಾತಿನಿಂದಲೇ ಚಿತ್ರದ ನಿಜವಾದ ಭಯಸ್ಥಾನ ನನಗೆ ಕಂಡದ್ದು. ಮನುಷ್ಯರ ತಲೆಯ ಮೇಲೆ ಕುಳಿತು ಅವರನ್ನು ದಾಸರನ್ನಾಗಿಸುವ ಡೋರಿಸ್ ಎಂಬ ಯಂತ್ರಟೋಪಿಯನ್ನು ಕಂಡು ಮಕ್ಕಳು ಚೀರುತ್ತಾರೆ. ಚೀರಲಿ, ನಿನ್ನನ್ನು ನಾನು ನಿರ್ಮಿಸುವುದೇ ಇಲ್ಲವೆಂದು ಲೂಯಿಸನು ಒಂದು ಮಾತು ಹೇಳಿದೊಡನೆ ಅದು ಇಲ್ಲವಾಗುತ್ತದೆ. ಹಾಗೆ ಒಂದು ಮಾತಿನಿಂದ ಇಲ್ಲವಾಗದವನು ಅದನ್ನು ತಲೆಯ ಮೇಲೆ ಹೊತ್ತು ತಿರುಗುವ ನೀಳಕಾಯದ ಖಳನಾಯಕ. ಅವನು ಯಾರೆಂದರೆ, ಅನಾಥಾಲಯದಲ್ಲಿ ಲೂಯಿಸನ ಕೊಠಡಿಯ ಇನ್ನೊಂದು ಮಂಚದಲ್ಲಿ ಮಲಗುತ್ತಿದ್ದ ಗೂಬ್ ಎಂಬ ಪುಟ್ಟ ಹುಡುಗ. ಲೂಯಿಸನು ರಾತ್ರಿಯೆಲ್ಲ ಯಂತ್ರ ಕುಟ್ಟುತ್ತಿದ್ದುದರಿಂದ ಗೂಬನಿಗೆ ನಿದ್ದೆಯಿಲ್ಲ. ಮರುದಿನ ಬೇಸ್‌ಬಾಲ್ ಮೈದಾನದಲ್ಲಿ ತೂಕಡಿಸಿ, ಪಂದ್ಯವನ್ನು ಗೆಲ್ಲಿಸಬೇಕಾಗಿದ್ದ ಒಂದು ಕ್ಯಾಚನ್ನು ಬಿಟ್ಟುಬಿಡುತ್ತಾನೆ. ಆ ಒಂದು ಚೆಂಡನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವನು ದತ್ತು ಹೋಗದೆ, ಅದೇ ಅನಾಥಾಲಯದಲ್ಲಿ ದೊಡ್ಡವನಾಗುತ್ತಾನೆ. ಅವನ ಶಾಲೆಯ ದಿನಗಳ ಒಂದು ತುಣುಕನ್ನು ತೋರಿಸುತ್ತಾರೆ: ಪುಸ್ತಕ ಅವುಚಿಕೊಂಡು, ಕಣ್ಣ ಕೆಳಗೆ ಕಪ್ಪಾಗಿ ನಡೆಯುತ್ತಿರುವ ಹುಡುಗನನ್ನು ಸಹಪಾಠಿಗಳು ಅಕ್ಕರೆಯಿಂದ ಮಾತಾಡಿಸುತ್ತಾರೆ, ಮನೆಗೆ ಬಾ ಎನ್ನುತ್ತಾರೆ, ಅವರೆಲ್ಲರೂ ನನ್ನನ್ನು ದ್ವೇಷಿಸುತ್ತಿದ್ದರೆಂದು ಅವನು ಹೇಳುತ್ತ ಹೋಗುತ್ತಾನೆ. ಇದಕ್ಕೆ ಮಕ್ಕಳು ಉರುಳಾಡಿ ನಕ್ಕರು. ಚಿತ್ರದ ನಿರ್ದೇಶಕ ಸ್ಟೀಫನ್ ಆಂಡರ್ಸನ್ ಸ್ವತಃ ದತ್ತುಪುತ್ರ. ಆ ಖಳನಾಯಕನಿಗೆ ಕಂಠದಾನ ಮಾಡಿದವರೂ ಅವರೇ. ಯಾರೂ ಆರಿಸಿಕೊಳ್ಳದವನಿಗೆ ಆರಿಸಲ್ಪಟ್ಟವನು ತನ್ನ ದನಿಯನ್ನು ಕೊಟ್ಟದ್ದು ಎಷ್ಟು ಪ್ರೇಕ್ಷಕರ ಗಮನಕ್ಕೆ ಬಂದಿದೆಯೋ! ಲೂಯಿಸನು ಕೊನೆಗೆ ಹಿಂದಕ್ಕೆ ಬಂದು ಕೂಗಿ ಎಬ್ಬಿಸುತ್ತಾನೆ, ಗೂಬನು ಚೆಂಡು ಹಿಡಿಯುತ್ತಾನೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ವರ್ಷಾನುವರ್ಷ ಒಂಟಿಯಾಗಿ ಬದುಕಿ ಸವೆದಿದ್ದ ಆ ದೊಡ್ಡ ಮನುಷ್ಯನು ಎಲ್ಲಿಗೆ ಹೋದನೆಂದು ಮಾತ್ರ ಯಾರೂ ಕೇಳುವುದಿಲ್ಲ.

ಮಗಳ ಮನೆಯ ಮಹಡಿಯ ಕೊಠಡಿಯಲ್ಲಿಯೂ ಎರಡು ಮಂಚಗಳಿವೆ. ಒಂದರಲ್ಲಿ ಮಲಗುವ ಕಿರಿಯವನು ಅಮೆರಿಕದ ನೆಲದಲ್ಲೇ ಹುಟ್ಟಿದವನಾದ್ದರಿಂದ ಹುಟ್ಟಿದ ಗಳಿಗೆಯಿಂದಲೇ ಪ್ರಜೆ. ಇನ್ನೊಂದರಲ್ಲಿ ಮಲಗುವ ಹಿರಿಯವನು ಬೆಂಗಳೂರಿನ ಜಯನಗರದಲ್ಲಿ ಹುಟ್ಟಿ, ಕಂಕುಳಲ್ಲಿ ಬಂದವನು. 21 ತುಂಬುವುದರೊಳಗೆ ತಂದೆಯ ಸರದಿ ಬಾರದಿದ್ದರೆ ಅವನು ತಂದೆಯ ವೀಸಾದ ಆಶ್ರಯವನ್ನು ಕಳೆದುಕೊಂಡು, ತನ್ನದೇ ಆದ ವೀಸಾ ಹುಡುಕಿಕೊಳ್ಳಬೇಕು, ಇಲ್ಲವೆ ತಾನು ನೆನಪಿಟ್ಟುಕೊಂಡಿರದ ಊರಿಗೆ ಮರಳಬೇಕು. ಒಂದೇ ಹುಳಿಯನ್ನ ಉಂಡು, ಒಂದೇ ಬೈಗುಳ ತಿಂದು, ಭಾನುವಾರದ ಕನ್ನಡ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಒತ್ತಕ್ಷರಕ್ಕೆ ಹೆದರುವ ಈ ಇಬ್ಬರಲ್ಲಿ ಲೂಯಿಸನಾರು, ಗೂಬನಾರು ಎಂಬುದನ್ನು ನಿಶ್ಚಯಿಸುವುದು ಯಾವ ಚೆಂಡೂ ಅಲ್ಲ, ಸರ್ಕಾರದ ಒಂದು ತಾರೀಖು. ಹಿರಿಯವನಿಗೆ ಇದು ಗೊತ್ತಿದೆ. “ತಾತ, ಗೂಬ್ ಪಾಪ ಅಲ್ವಾ,” ಎಂದು ಮಕ್ಕಳ ಪೈಕಿ ಅವನೊಬ್ಬನೇ ಅಂದದ್ದು.

ಆದುದರಿಂದ ಹೊರನಾಡಿನ ಕನ್ನಡ ತಂದೆಯರಲ್ಲಿ ನನ್ನದೊಂದು ವಿಜ್ಞಾಪನೆಯಿದೆ. ಸರ್ಕಾರದ ತಾರೀಖನ್ನು ಮುಂದೆ ಸಾಗಿಸುವುದು ನಿಮ್ಮ ಕೈಯಲ್ಲಿಲ್ಲ, ಒಪ್ಪಿದೆ. ಆದರೆ ಬೆಂಗಳೂರಿನ ಆಫೀಸಿನೊಡನೆ ನೀವು ಮಧ್ಯರಾತ್ರಿಯವರೆಗೆ ನಡೆಸುವ ಸಂಭಾಷಣೆಗಳನ್ನು, ‘ನನ್ನ ದನಿ ಕೇಳಿಸ್ತಿದೆಯಾ’ ಎಂಬ ಆ ಘೋಷವನ್ನು, ಮಕ್ಕಳ ಕೊಠಡಿಯ ಗೋಡೆಗೆ ಒರಗಿಕೊಂಡು ಮಾಡಬೇಡಿ. ಅವರಿಗೆ ಮರುದಿನ ಸಾಕರ್ ಪಂದ್ಯವಿರುತ್ತದೆ. ಗ್ಯಾರೇಜಿಗೆ ಹೋಗಿ ಮಾತಾಡಿ. ಬರುವಾಗ ಬಾಗಿಲಿಗೆ ಬೀಗ ಹಾಕುವುದನ್ನು ಮರೆಯಬೇಡಿ. ರಾಬಿನ್ಸನ್ನರ ಮನೆಯಲ್ಲಿ ಇಷ್ಟೆಲ್ಲ ಅನರ್ಥವಾದದ್ದು ಮಗನು ಗ್ಯಾರೇಜಿಗೆ ಬೀಗ ಹಾಕದೆ ಹೋದದ್ದರಿಂದ.