ಹತ್ತು ಬೆರಳಿನ ಖಾರ

ನಮ್ಮ ಭಾವ ಗದಗಿನವರು. ಯಾರೂ ಕೇಳದಿದ್ದರೂ ಇದನ್ನವರು ಹೇಳುತ್ತಾರೆ. ಊಟಕ್ಕೆ ಕೂತಾಗಲಂತೂ ಎರಡೆರಡು ಸಲ ಹೇಳುತ್ತಾರೆ. ಅಕ್ಕನನ್ನು ಕೊಟ್ಟು 22 ವರ್ಷವಾಯಿತು, ತುಮಕೂರಿನ ನಮ್ಮ ಮನೆಯ ಸಾರಿಗೆ ಇವತ್ತಿಗೂ ಪಾಸ್ ಮಾರ್ಕು ಸಿಕ್ಕಿಲ್ಲ. ಒಂದು ಗುಟುಕು ಸುರಿದು, ಅಮ್ಮನ ಕಡೆ ತಿರುಗಿ, "ಬಿಸಿನೀರು ಭಾಳ ಚಲೋ ಆಗೇತ್ರಿ ಅತ್ತಿ" ಎನ್ನುತ್ತಾರೆ. ಎಲ್ಲಿಗೆ ಹೊರಟರೂ ಅವರ ಚೀಲದಲ್ಲಿ ಎರಡು ಡಬ್ಬಿ ಇರಲೇಬೇಕು. ಒಂದರಲ್ಲಿ ಶೇಂಗಾ ಹಿಂಡಿ, ಇನ್ನೊಂದರಲ್ಲಿ ಕೆಂಪು ಚಟ್ನಿ. ಪಾಸ್‌ಪೋರ್ಟ್ ಮರೆತರೆ ಮನೆಗೆ ವಾಪಸು ಬರಬಹುದು, ಡಬ್ಬಿ ಮರೆತರೆ ಬದುಕಿ ಬರುವುದು ಹೇಗೆ ಎನ್ನುವ ಜಾತಿ.

ಇಂಥವರನ್ನು ಕಟ್ಟಿಕೊಂಡು ನಾನು, ಅಕ್ಕ ಬ್ಯಾಂಕಾಕ್‌ಗೆ ಹೋಗಿದ್ದೆವು.

ಥಾಯ್ ಊಟದ ಬಗ್ಗೆ ಭಾವನ ತೀರ್ಪು ಅದಾಗಲೇ ಆಗಿಹೋಗಿತ್ತು. ಬೆಂಗಳೂರಿನ ಯಾವುದೋ ಮಾಲಿನಲ್ಲಿ ತಿಂದಿದ್ದರಂತೆ. ನಿಮಗೂ ಗೊತ್ತಲ್ಲ ಆ ಊಟ: ಕೆಂಪು, ಹಳದಿ, ಹಸಿರು ಅಂತ ಟ್ರಾಫಿಕ್ ಸಿಗ್ನಲ್ಲಿನ ಹಾಗೆ ಮೂರು ಕರ್ರಿ, ಮೂರರಲ್ಲೂ ಅದೇ ತೆಂಗಿನಹಾಲು, ಅದೇ ಬೇಬಿ ಕಾರ್ನ್, ಸಾಲದ್ದಕ್ಕೆ ಪನೀರ್. "ಪಾಯಸಕ್ಕ ತುಳಸಿ ಹಾಕಿ ಕೊಡ್ತಾರೋ ತಮ್ಮಾ. ಅದಕ್ಕ ಆರುನೂರು ರೂಪಾಯಿ" ಎಂದು ಅವರು ವಿಮಾನದಲ್ಲೇ ಸಾರಿಬಿಟ್ಟಿದ್ದರು. ಪಕ್ಕದ ಸೀಟಿನ ಥಾಯ್ ಹುಡುಗ ಮುಗುಳ್ನಕ್ಕ. ಅವನಿಗೆ ಕನ್ನಡ ಬರುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಮೊದಲ ರಾತ್ರಿಯೇ ವಿಕ್ಟರಿ ಮಾನ್ಯುಮೆಂಟ್ ಹತ್ತಿರದ ಒಂದು ಸೋಯಿಗೆ ನುಗ್ಗಿದೆವು. ಸೋಯಿ ಅಂದರೆ ಅಡ್ಡರಸ್ತೆ. ಹೊಟೇಲು ಎನ್ನುವುದಕ್ಕೆ ಸಂಕೋಚವಾಗುವಂಥ ಜಾಗ: ಅರ್ಧ ಒಳಗೆ, ಅರ್ಧ ಫುಟ್‌ಪಾತಿನಲ್ಲಿ, ಪ್ಲಾಸ್ಟಿಕ್ ಸ್ಟೂಲು, ಅಲುಗಾಡುವ ತಗಡಿನ ಮೇಜು, ಮೇಜಿನ ಮೇಲೆ ಗುಲಾಬಿ ಬಣ್ಣದ ತೆಳು ಟಿಶ್ಯೂ ಕಾಗದ. ಬಾಗಿಲಲ್ಲೇ ಕೆಂಡದ ಮೇಲೆ ಕೋಳಿ ಸುಡುತ್ತಿತ್ತು. ಹೊರಗೆ ಮೂರು ಟ್ಯಾಕ್ಸಿ ನಿಂತಿದ್ದವು, ಅವುಗಳ ಡ್ರೈವರುಗಳು ಒಳಗೆ ಊಟಕ್ಕೆ ಕೂತಿದ್ದರು. ಡ್ರೈವರುಗಳು ತಿನ್ನುವ ಕಡೆ ತಿನ್ನಬೇಕು ಎನ್ನುವುದು ನಮ್ಮ ಹೆದ್ದಾರಿಯಲ್ಲಿ ಕಲಿತ ಪಾಠ, ಇಲ್ಲೂ ನಡೆಯುತ್ತದೆ. ಬ್ಯಾಂಕಾಕಿನ ಟ್ಯಾಕ್ಸಿಯವರಲ್ಲಿ, ಕಟ್ಟಡ ಕೆಲಸದವರಲ್ಲಿ, ಮನೆಗೆಲಸದವರಲ್ಲಿ ಬಹಳ ಮಂದಿ ಇಸಾನ್‌ನವರು. ನಮ್ಮಲ್ಲಿ ರಾಯಚೂರು, ಕಲಬುರಗಿಯಿಂದ ಬೆಂಗಳೂರಿಗೆ ಬಂದವರ ಹಿಂದೆಯೇ ರೊಟ್ಟಿ ಖಾನಾವಳಿ ಬಂದ ಹಾಗೆ, ಇವರ ಹಿಂದೆ ಇವರ ಅಡುಗೆಯೂ ರಾಜಧಾನಿಗೆ ಬಂತು.

ಇಸಾನ್ ಅಂದರೆ ಥಾಯ್ಲೆಂಡಿನ ಈಶಾನ್ಯ ಭಾಗ, 20 ಪ್ರಾಂತ್ಯ. ಹೆಸರೇನೂ ಬೇರೆಯಲ್ಲ, ನಮ್ಮ ಸಂಸ್ಕೃತದ ಈಶಾನನೇ ಅಲ್ಲಿಗೆ ಹೋಗಿ ಇಸಾನ್ ಆಗಿದ್ದಾನೆ. ಇದನ್ನು ಹೇಳಿದೊಡನೆ ಭಾವನ ವಾಸ್ತು ಎಚ್ಚರವಾಯಿತು. "ಈಶಾನ್ಯ ಮೂಲ್ಯಾಗ ನೀರಿರಬೇಕು. ಬೆಂಕಿ ಆಗ್ನೇಯಕ್ಕ." ಥಾಯ್ಲೆಂಡಿನವರು ಬೆಂಕಿ ಒಯ್ದು ಈಶಾನ್ಯದಲ್ಲಿ ಇಟ್ಟಿದ್ದಾರೆ ಎನ್ನುವುದು ಆಗಿನ್ನೂ ಅವರಿಗೆ ತಿಳಿದಿರಲಿಲ್ಲ.

ಅದು ಒಣ ಸೀಮೆ, ಕೊರಾಟ್ ಪ್ರಸ್ಥಭೂಮಿ. ಸಮುದ್ರವಿಲ್ಲ, ತೆಂಗಿನ ತೋಟವಿಲ್ಲ. ಅಲ್ಲಿಯ ಅಡುಗೆಯಲ್ಲಿ ತೆಂಗಿನಹಾಲನ್ನು ಹುಡುಕುವುದೂ ಒಂದೇ, ಮಂಗಳೂರಿನ ಗಸಿಯನ್ನು ಬಾಗಲಕೋಟೆಯಲ್ಲಿ ಹುಡುಕುವುದೂ ಒಂದೇ. ನಮ್ಮ ಮಾಲಿನವರು ಇಡೀ ಥಾಯ್ಲೆಂಡನ್ನು ತೆಂಗಿನಹಾಲಿನಲ್ಲಿ ಮುಳುಗಿಸಿದ್ದು ಎಂಥ ಅನ್ಯಾಯ ಅಂದರೆ, ಯಾರೋ ಉಡುಪಿ ಹೊಟೇಲಿನಲ್ಲಿ ಒಂದು ಊಟ ಮಾಡಿ "ಕರ್ನಾಟಕದವರು ಸಾಂಬಾರಿಗೆ ಬೆಲ್ಲ ಹಾಕುತ್ತಾರೆ" ಎಂದ ಹಾಗೆ. ಗದಗಿನವರ ಎದುರು ಹಾಗಂದು ನೋಡಿ.

ಈಗ ಒರಳಿನ ವಿಷಯ. ಸೋಮ್ ತಮ್ ಎನ್ನುವುದು ಈ ಊಟದ ಜೀವ. ಸೋಮ್ ಅಂದರೆ ಹುಳಿ, ತಮ್ ಅಂದರೆ ಕುಟ್ಟುವುದು. ಹಸಿ ಪರಂಗಿಕಾಯಿಯ ಹುಳಿಕುಟ್ಟು ಅನ್ನಿ. ಅಂಗಡಿಯ ಹೆಂಗಸು ಪರಂಗಿಕಾಯಿಯನ್ನು ಎಡ ಅಂಗೈಯಲ್ಲಿ ಮಗುವಿನ ಹಾಗೆ ಹಿಡಿದು, ಉದ್ದ ಕತ್ತಿಯಿಂದ ಪಟಪಟ ಉದ್ದುದ್ದ ಗೀಟು ಹೊಡೆದು, ಆಮೇಲೆ ಒಂದೇ ಸಲ ಹೆರೆಯುತ್ತಾಳೆ. ಎಳೆಎಳೆಯಾಗಿ ಉದುರುತ್ತದೆ. ಒರಳು ಮಣ್ಣಿನದು, ಆಳ ಜಾಸ್ತಿ, ಒನಕೆ ಮರದ್ದು. ಬಲಗೈಯ ಒನಕೆ ಕುಟ್ಟುತ್ತಿದ್ದರೆ ಎಡಗೈಯ ಸೌಟು ಕೆಳಗಿನದನ್ನು ಮೇಲಕ್ಕೆ ತಿರುವುತ್ತದೆ. ಪೋಕ್, ಪೋಕ್, ಪೋಕ್. ನಮ್ಮ ಚಟ್ನಿಯ ಹಾಗೆ ಅರೆಯುವುದಲ್ಲ, ಜಜ್ಜುವುದೂ ಅಲ್ಲ. ಕಾಯಿಗೆ ಏಟು ಬೀಳಬೇಕು, ಆದರೆ ಅದರ ಕರುಕುರು ಹೋಗಬಾರದು.

ಕುಟ್ಟುವುದಕ್ಕೆ ಮುಂಚೆ ಆಕೆ ಒಂದು ಪ್ರಶ್ನೆ ಕೇಳುತ್ತಾಳೆ: "ಪ್ರಿಕ್ ಕೀ ಮೆಟ್?" ಮೆಣಸಿನಕಾಯಿ ಎಷ್ಟು ಹಾಕಲಿ? ನಮ್ಮ ಕಾಫಿ ಹೊಟೇಲಿನಲ್ಲಿ "ಸಕ್ಕರೆ ಎಷ್ಟು?" ಅಂದ ಹಾಗೆ. ಖಾರವನ್ನು ಎಣಿಸಿ ಕೊಡುವ ಈ ಪದ್ಧತಿ ನನಗೆ ಬಹಳ ಇಷ್ಟವಾಯಿತು. ನಮ್ಮಲ್ಲಿ "ಮೀಡಿಯಂ ಸ್ಪೈಸಿ" ಅಂತ ಹೇಳುವವನಿಗೂ ಗೊತ್ತಿಲ್ಲ, ಕೇಳುವವನಿಗೂ ಗೊತ್ತಿಲ್ಲ.

ಅಕ್ಕ ಹೊಟೇಲಿನ ಹುಡುಗಿಯಿಂದ ಕಲಿತು ಬಂದಿದ್ದಳು: "ಫೆಟ್ ನಿಟ್ ನೋಯಿ." ಖಾರ ಒಂಚೂರು. ಭಾವನಿಗೆ ಈ ಅವಮಾನ ಸಹಿಸಲಾಗಲಿಲ್ಲ. ಎದ್ದು ನಿಂತು, ಎದೆ ತಟ್ಟಿ, "ಪೆಟ್! ಪೆಟ್!" ಎಂದರು. ಆಕೆ ಗಾಬರಿಯಿಂದ ಇಲ್ಲ ಇಲ್ಲ ಎಂದು ಕೈಯಾಡಿಸಿದಳು. ಯಾಕೆಂದು ಆಮೇಲೆ ತಿಳಿಯಿತು. ಥಾಯ್ ಭಾಷೆಯಲ್ಲಿ ಮಹಾಪ್ರಾಣ ಹಾಕಿ ಫೆಟ್ ಅಂದರೆ ಖಾರ, ಅಲ್ಪಪ್ರಾಣದ ಪೆಟ್ ಅಂದರೆ ಬಾತುಕೋಳಿ. ನಮ್ಮವರು ಎದೆ ತಟ್ಟಿಕೊಂಡು "ನಾನು ಬಾತುಕೋಳಿ" ಎಂದು ಘೋಷಿಸಿದ್ದರು, ಆಕೆ ನಮ್ಮಲ್ಲಿ ಬಾತುಕೋಳಿ ಇಲ್ಲ ಎನ್ನುತ್ತಿದ್ದಳು. ಮಹಾಪ್ರಾಣ ಕನ್ನಡಕ್ಕೆ ಬೇಕೇ ಬೇಡವೇ ಎಂದು ಜಗಳ ಆಡುವವರು ಒಂದು ಸಲ ಇಲ್ಲಿಗೆ ಬಂದು ಊಟ ಹೇಳಿ ನೋಡಲಿ.

ಮಾತು ಸೋತ ಮೇಲೆ ಭಾವ ಕೈ ಎತ್ತಿದರು. ಎರಡೂ ಕೈ. ಹತ್ತೂ ಬೆರಳು.

ಆಕೆ ನಕ್ಕು ಎರಡು ಬೆರಳು ತೋರಿಸಿದಳು. ಇವರು ಹತ್ತು. ಆಕೆ ಮೂರು. ಇವರು ಹತ್ತು. ಸಂತೆಯಲ್ಲಿ ಎಮ್ಮೆ ವ್ಯಾಪಾರದ ಹಾಗೆ ನಡೆಯಿತು. ಒಳಗಿನಿಂದ ಅವಳ ಗಂಡ ಬಂದು ನಿಂತು ನೋಡಿದ, ಮೂರು ಟ್ಯಾಕ್ಸಿಯವರೂ ಚಮಚ ಕೆಳಗಿಟ್ಟರು. ಕೊನೆಗೆ ಆಕೆ ಭುಜ ಕುಣಿಸಿ, ಎಣಿಸಿ ಎಣಿಸಿ ಹತ್ತು ಕಾಯಿ ಒರಳಿಗೆ ಹಾಕಿದಳು. ಬೆಳ್ಳುಳ್ಳಿ, ತಾಳೆಬೆಲ್ಲ, ಅಲಸಂದೆಕಾಯಿ, ಟೊಮೇಟೊ, ಹಿಂಡಿದ ನಿಂಬೆಹೋಳು ಸಿಪ್ಪೆಸಮೇತ, ಮೀನಿನ ರಸ. ಜೊತೆಗೆ ಒಂದು ಸೌಟು ಪ್ಲಾ ರಾ. ಅಂದರೆ ಹೊಳೆಮೀನನ್ನು ಉಪ್ಪು, ಹುರಿದ ಅಕ್ಕಿಪುಡಿ ಹಾಕಿ ತಿಂಗಳುಗಟ್ಟಲೆ ಜಾಡಿಯಲ್ಲಿ ಹುಳಿಸಿದ್ದು. ವಾಸನೆ ಮೊದಲು ಬರುತ್ತದೆ, ತಟ್ಟೆ ಆಮೇಲೆ ಬರುತ್ತದೆ. ಒಣಮೀನು ಸುಡುವ ಮನೆಯಲ್ಲಿ ಬೆಳೆದವರಿಗೆ ಮನೆ ನೆನಪಾಗುತ್ತದೆ. ಉಳಿದವರು ಬಾಯಲ್ಲಿ ಉಸಿರಾಡುವುದು ಕ್ಷೇಮ.

ಆ ಮೆಣಸಿನಕಾಯಿ ನೋಡಿ ಭಾವ ನಕ್ಕಿದ್ದರು. ಕಿರುಬೆರಳ ಉಗುರಿನಷ್ಟುದ್ದ. ಹೆಸರು ಪ್ರಿಕ್ ಖೀ ನೂ, ನೇರ ಕನ್ನಡದಲ್ಲಿ ಇಲಿಹಿಕ್ಕೆ ಮೆಣಸಿನಕಾಯಿ. "ಏ, ಇದೇನ್ ಕಾಯಿ ಅಂತಾರೇನ? ನಮ್ ಬ್ಯಾಡಗಿ ನೋಡು, ಗೇಣುದ್ದ ಇರ್ತೈತಿ!" ಬ್ಯಾಡಗಿಯ ಮೇಲೆ ನನಗೂ ಗೌರವವೇ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಪಟ್ಟವೂ ಸಿಕ್ಕಿದೆ. ಆದರೆ ಅದರ ಹೆಸರು ಬಣ್ಣಕ್ಕೆ, ಖಾರಕ್ಕಲ್ಲ. ಅದರ ಬಣ್ಣದ ಸಾರ ಲಿಪ್‌ಸ್ಟಿಕ್‌ಗೂ ಹೋಗುತ್ತದೆ. "ತುಟಿಗೆ ಹಚ್ಕೊಳ್ಳೋ ಮೆಣಸಿನಕಾಯಿ ಭಾವ ಅದು, ಇದು ಬೇರೆ" ಅಂದೆ. ಮಲೆನಾಡಿನವರಾದರೆ ಆ ಪುಟ್ಟ ಕಾಯಿ ಕಂಡೊಡನೆ ಸೂಜಿಮೆಣಸು, ಜೀರಿಗೆಮೆಣಸು ಎಂದು ನೆನೆದು ಹುಷಾರಾಗುತ್ತಿದ್ದರು. ಬಯಲುಸೀಮೆಯ ಭಾವ ಹುಷಾರಾಗಲಿಲ್ಲ.

ಮೊದಲ ತುತ್ತಿಗೆ ಏನೂ ಆಗಲಿಲ್ಲ. ಹುಳಿ, ಸಿಹಿ, ಉಪ್ಪು ಒಂದರ ಹೆಗಲ ಮೇಲೆ ಒಂದು ಕೈಹಾಕಿಕೊಂಡು ಬಂದವು. "ಹ್ಞಾಂ, ಮಸ್ತ್ ಐತಿ" ಎಂದರು. ಎರಡನೆಯದಕ್ಕೆ ಮಾತು ನಿಂತಿತು. ಮೂರನೆಯದಕ್ಕೆ ಕಿವಿ ಕೆಂಪಾಯಿತು. ಬೋಳುತಲೆಯ ಮೇಲೆ ಹನಿಹನಿ ಬೆವರು ಕೂಡಿ ಹಿಂದಕ್ಕೆ ಹರಿಯತೊಡಗಿತು. ಆಮೇಲೆ ಬಿಕ್ಕಳಿಕೆ. ಒಂದೊಂದು ಬಿಕ್ಕಳಿಕೆಗೂ ತಗಡಿನ ಮೇಜು ಅರ್ಧ ಇಂಚು ಸರಿಯುತ್ತಿತ್ತು. ಗುಲಾಬಿ ಟಿಶ್ಯೂ ಮುಗಿಯಿತು, ಪಕ್ಕದ ಮೇಜಿನವರು ತಮ್ಮದನ್ನು ಕಳಿಸಿಕೊಟ್ಟರು.

ನೀರು ಕುಡಿದರು. ಕುಡಿಯಬಾರದಿತ್ತು. ಖಾರದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಬಾಯಿತುಂಬ ಹರಡುತ್ತದೆ ಅಷ್ಟೆ. ಸುಡುವ ಬಿಸಿಯನ್ನು ಗುರುತಿಸುವ ನರದ ಬಾಗಿಲೂ ಖಾರವನ್ನು ಗುರುತಿಸುವ ಬಾಗಿಲೂ ಒಂದೇ ಎಂದು ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಭಾವನಿಗೆ ಆ ಹೊತ್ತಿನಲ್ಲಿ ನಾನು ಇದನ್ನು ವಿವರಿಸಬಾರದಿತ್ತು. ಅವರು ನೋಡಿದ ನೋಟಕ್ಕೆ ಯಾವ ಬಹುಮಾನವೂ ಇಲ್ಲ.

"ಮೊಸರು..." ಎಂದರು, ಕ್ಷೀಣವಾಗಿ. ನಮ್ಮ ಖಾರದ ಶೌರ್ಯವೆಲ್ಲ ನಿಂತಿರುವುದು ಎಲ್ಲಿ ಎನ್ನುವುದು ನನಗೆ ಆಗ ಹೊಳೆಯಿತು. ನಮ್ಮ ಮೆಣಸಿನಕಾಯಿ ಎಣ್ಣೆಯಲ್ಲಿ ಹುರಿದುಕೊಂಡು, ಬೆಲ್ಲ ಹುಣಸೆಹಣ್ಣಿನ ಜೊತೆ ಕುದಿದು, ತುಪ್ಪ ಸವರಿಕೊಂಡು, ಗಟ್ಟಿಮೊಸರಿನ ಬೆಂಗಾವಲಿನಲ್ಲಿ ಬರುತ್ತದೆ. ಇಲ್ಲಿ ಹಸಿ ಕಾಯಿ ಒಬ್ಬಂಟಿಯಾಗಿ ಬರಿಗೈಯಲ್ಲಿ ಎದುರು ನಿಲ್ಲುತ್ತದೆ. ಮೊಸರಿನ ಬದಲು ತಟ್ಟೆಯ ಪಕ್ಕ ಇಡುವುದು ಹಸಿ ಎಲೆಕೋಸು, ಅಲಸಂದೆಕಾಯಿ, ಸೊಪ್ಪು. ಜೊತೆಗೆ ಖಾವ್ ನಿಯಾವ್, ಅಂಟಕ್ಕಿ ಅನ್ನ. ರಾತ್ರಿಯೆಲ್ಲ ನೆನೆಸಿ ಹಬೆಯಲ್ಲಿ ಬೇಯಿಸಿ ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಕೊಡುತ್ತಾರೆ. ಬೆರಳಲ್ಲಿ ಚೂರು ಮುರಿದು, ಉಂಡೆ ಮಾಡಿ, ಅದ್ದಿ ತಿನ್ನಬೇಕು. ಮುದ್ದೆಯ ಸೀಮೆಯ ನನಗೂ ಅಕ್ಕನಿಗೂ ಕೈ ತಾನೇ ಹೋಯಿತು. ನುಂಗದೆ ಅಗಿಯಬೇಕು ಎನ್ನುವುದೊಂದೇ ಹೊಸ ಪಾಠ. ನಾವಿಬ್ಬರೂ ಆ ಅನ್ನ, ಸುಟ್ಟ ಕೋಳಿ, ಒಂದೇ ಕಾಯಿ ಹಾಕಿದ ನಮ್ಮ ತಟ್ಟೆಯನ್ನು ಮುಂದಿಟ್ಟುಕೊಂಡು ಸುಖವಾಗಿದ್ದೆವು. ಹಾಗೆಂದು ಬರೆಯಲು ನಾಚಿಕೆಯೇನೂ ಇಲ್ಲ.

ಮೊಸರು ಅಂದರೆ ಆಕೆಗೆ ತಿಳಿಯಲಿಲ್ಲ. ಭಾವ ಬಿಕ್ಕುತ್ತಲೇ ಎರಡೂ ಕೈಯಲ್ಲಿ ಗಾಳಿಯ ಹಸುವಿನ ಕೆಚ್ಚಲು ಹಿಂಡಿ ತೋರಿಸಿದರು. "ಅಂಬಾ" ಎಂದೂ ಅಂದರು. ಇಡೀ ಸೋಯಿ ನೋಡುತ್ತಿತ್ತು. "ಓ, ನೋಮ್!" ಎಂದು ಓಡಿದವಳು ಉದ್ದ ಲೋಟವೊಂದನ್ನು ತಂದಿಟ್ಟಳು: ಐಸ್ ತುಂಬಿದ, ಗಾಢ ಗುಲಾಬಿ ಬಣ್ಣದ ಹಾಲು. ನೋಮ್ ಯೆನ್, ಅಂದರೆ ತಣ್ಣನೆ ಹಾಲು, ಮಕ್ಕಳ ಪಾನೀಯ. ಹುಟ್ಟಿದೂರಿನಲ್ಲಿ ಚಹಾಕ್ಕೂ ಸಕ್ಕರೆ ಕಮ್ಮಿ ಎನ್ನುವ ಗಂಡಸು ಸ್ಟ್ರಾ ಹಾಕಿಕೊಂಡು ಅದನ್ನು ಎರಡು ಲೋಟ ಹೀರಿದರು. ಅಕ್ಕ ಫೋಟೋ ತೆಗೆದಳು. ಆ ಫೋಟೋ ಈಗ ಗದಗಿನ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಇದೆ.

ಉಸಿರು ಬಂದ ಮೇಲೆ ಅವರು ಎಂದದ್ದು, "ಖಾರ ಇವರ ರಕ್ತದಾಗ ಐತಿ ಬಿಡು." ಅದೂ ಸುಳ್ಳೇ. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರು ಮರುವರ್ಷ ಮಲಾಕ್ಕಾ ಹಿಡಿದು, ಅಲ್ಲಿಂದ ಥಾಯ್ಲೆಂಡಿನ ಆಗಿನ ರಾಜಧಾನಿ ಅಯುತ್ಥಯಾಗೆ ದೂತನನ್ನು ಕಳಿಸಿದರು. ಅಮೆರಿಕದ ಮೆಣಸಿನಕಾಯಿ ಥಾಯ್ಲೆಂಡಿನವರಿಗೂ ನಮಗೂ ಬಂದದ್ದು ಆ ಹಡಗುಗಳ ಕಾಲದಲ್ಲೇ. ಬಂದ ನೆಂಟ ಮನೆಯವನ ಹೆಸರನ್ನೇ ಕಸಿದುಕೊಂಡ. ಥಾಯ್‌ನಲ್ಲಿ ಪ್ರಿಕ್ ಅಂದರೆ ಈಗ ಮೆಣಸಿನಕಾಯಿ, ಪಾಪ ಹಳೆಯ ಮೆಣಸು "ಪ್ರಿಕ್ ಥಾಯ್" ಅಂತ ಊರಿನ ಹೆಸರು ಹಚ್ಚಿಕೊಂಡು ಗುರುತು ಹೇಳಬೇಕು. ನಮ್ಮಲ್ಲೂ ಮೆಣಸು ಕಾಳುಮೆಣಸಾಗಿ, ಒಳ್ಳೆಮೆಣಸಾಗಿ ಗುರುತಿನ ಚೀಟಿ ಹಿಡಿದು ನಿಂತಿದೆಯಲ್ಲ, ಹಾಗೆ. ಅಷ್ಟೇ ಅಲ್ಲ, ಆ ಒರಳಿನೊಳಗಿನ ಪರಂಗಿ, ಟೊಮೇಟೊ ಎಲ್ಲ ಅಮೆರಿಕದವೇ. ಶೇಂಗಾ ಕೂಡ. "ನಿಮ್ಮ ಡಬ್ಬಿ ಎರಡೂ ಅಲ್ಲೀದೇ ಭಾವ" ಎಂದೆ. ಅವರು ಡಬ್ಬಿಗಳನ್ನು ಚೀಲದೊಳಗೆ ಇನ್ನಷ್ಟು ಕೆಳಕ್ಕೆ ತಳ್ಳಿದರು.

ಮರುದಿನ ಸಂಜೆ ನಾನು ಮಸಾಲೆದೋಸೆ ಸಿಗುವ ಕಡೆ ಹುಡುಕುತ್ತಿದ್ದೆ. ಭಾವ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. "ಎಲ್ಲಿಗ್ಹೊಂಟಿ? ಅಲ್ಲೇ ಹೋಗೂಣು ನಡಿ." ನಾಲಿಗೆ ಇನ್ನೂ ಊದಿಕೊಂಡಿದ್ದ ಮನುಷ್ಯ.

ಸೋಯಿಯ ತಿರುವಿನಲ್ಲೇ ಆಕೆ ನಮ್ಮನ್ನು ಕಂಡಳು. ಈ ಸಲ ಪ್ರಶ್ನೆ ಕೇಳಲಿಲ್ಲ. ಎರಡು ಕಾಯಿ ಒರಳಿಗೆ ಹಾಕಿ, ಗಂಡನ ಕಡೆ ಏನೋ ಕೂಗಿದಳು. ನಾವು ಸ್ಟೂಲು ಎಳೆದುಕೊಳ್ಳುವ ಮೊದಲೇ ಮೇಜಿನ ಮೇಲೆ ಗುಲಾಬಿ ಹಾಲಿನ ಲೋಟ ಬಂದಿತ್ತು. ಭಾವ ಲೋಟ ನೋಡಿದರು, ಒರಳು ನೋಡಿದರು, ಟ್ಯಾಕ್ಸಿಯವರ ಮೇಜಿನ ಕಡೆಯೂ ನೋಡಿದರು. ಆಮೇಲೆ ಅಕ್ಕನ ಕಡೆ ಬಗ್ಗಿ, ಮೆಲ್ಲಗೆ:

"ಏ, ಮೂರು ಹಾಕಂತ ಹೇಳ. ಮರ್ಯಾದಿ ಪ್ರಶ್ನಿ ಐತಿ. ಹಾಲು ಇರಲಿ."