ನಕ್ಷೆಗಾರ ಲಕ್ಷಣ ಮೀಮಾಂಸೆ

ಶಾಸ್ತ್ರಗ್ರಂಥವನ್ನು ಆರಂಭಿಸುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲು ನಿರೂಪಿಸತಕ್ಕದ್ದೆಂಬುದು ಪೂರ್ವಿಕರು ಹಾಕಿಕೊಟ್ಟ ಪದ್ಧತಿ. ಅದರಂತೆ ಪ್ರಕೃತ ಪ್ರಬಂಧದ ವಿಷಯವು, ಕಾರ್ಖಾನೆಯ ಡ್ರಾಯಿಂಗ್ ಆಫೀಸಿಗೆ ನಕ್ಷೆಗಾರರು ಬೇಕಾದಾಗ ಹೊರಡಿಸಲ್ಪಡುವ, ಕಾಗದಪತ್ರಗಳಲ್ಲಿ 'ಜಾಬ್ ಡಿಸ್ಕ್ರಿಪ್ಷನ್' ಎಂದೂ ಬಾಯಿಮಾತಿನಲ್ಲಿ 'ಜೆಡಿ' ಎಂದೂ ಪ್ರಸಿದ್ಧವಾಗಿರುವ ಒಂದೂವರೆ ಪುಟದ ವಾಙ್ಮಯ. ಪ್ರಯೋಜನವು, ಆ ವಾಙ್ಮಯದಲ್ಲಿ ವರ್ಣಿತನಾದ ಪುರುಷನಿಗೂ ಸೋಮವಾರ ಬೆಳಿಗ್ಗೆ ಬಂದು ಕುರ್ಚಿಯಲ್ಲಿ ಕೂರುವ ಮನುಷ್ಯನಿಗೂ ಕಿಂಚಿತ್ ಹೋಲಿಕೆಯನ್ನುಂಟುಮಾಡುವುದು. ಸಂಬಂಧವು, ಸದ್ಯಕ್ಕೆ ಇವರಿಬ್ಬರಿಗೂ ಯಾವ ಸಂಬಂಧವೂ ಇಲ್ಲವೆಂಬುದೇ ಆಗಿದೆ. ಅಧಿಕಾರಿ ಯಾರೆಂದರೆ, 'ಸಂಜೆಯೊಳಗೆ ಒಂದು ಜೆಡಿ ಬರೆದು ಕಳುಹಿಸಿ' ಎಂಬ ಅಪ್ಪಣೆಯನ್ನು ಪಡೆದು, ಹೋದ ವರ್ಷದ್ದನ್ನೇ ತೆರೆದು ತಾರೀಕೊಂದನ್ನು ಮಾತ್ರ ತಿದ್ದಲು ಹವಣಿಸುತ್ತಿರುವ ಟೀಮ್ ಲೀಡರು.

ನಕ್ಷೆಗಾರಿಕೆಯ ಆಚಾರ್ಯಪುರುಷನನ್ನು ಸ್ಮರಿಸದೆ ಮುಂದುವರಿಯುವುದು ಕೃತಘ್ನತೆಯಾದೀತು. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಮೆಝಿಯೇರಿನ ಸೈನಿಕ ಶಾಲೆಗೆ ನಕ್ಷೆ ಎಳೆಯುವ ಕೆಲಸಕ್ಕೆಂದು ಸೇರಿದ ಗಾಸ್ಪಾರ್ ಮೋಂಜ್ ಎಂಬಾತನು, ಕೋಟೆಯೊಂದರ ರಚನೆಗೆ ಸಂಬಂಧಿಸಿದ ದೀರ್ಘವಾದ ಲೆಕ್ಕವನ್ನು ಬರಿಯ ರೇಖೆಗಳಿಂದಲೇ ಬಿಡಿಸಿ ತಂದೊಪ್ಪಿಸಿದಾಗ, ಇಷ್ಟು ಬೇಗ ಮುಗಿದ ಕೆಲಸ ಸರಿಯಾಗಿರಲಾರದೆಂದು ಮೇಲಧಿಕಾರಿಯು ಅದನ್ನು ನೋಡಲೇ ಒಪ್ಪಲಿಲ್ಲವಂತೆ. ನೋಡಿದ ಮೇಲೆ ಅದನ್ನು ಸೈನಿಕ ರಹಸ್ಯವೆಂದು ಬಚ್ಚಿಟ್ಟರು. 1795ರ ಉಪನ್ಯಾಸಗಳಿಂದಲೂ 1799ರ ಗ್ರಂಥದಿಂದಲೂ ಆ ವಿದ್ಯೆ ಲೋಕಕ್ಕೆ ದೊರೆಯಿತು. ನಕ್ಷೆ ಎಳೆಯಲು ಸೇರಿದವನು ಅಂದು ಒಂದು ಶಾಸ್ತ್ರವನ್ನೇ ಕಟ್ಟಿದನು; ಇಂದಿನ ಜೆಡಿಗಳಾದರೋ ಶಾಸ್ತ್ರ ಕಟ್ಟಬಲ್ಲವನೇ ಬೇಕೆಂದು ಕರೆದು, ಬಂದವನಿಂದ ಟೈಟಲ್ ಬ್ಲಾಕಿನ ಕಾಗುಣಿತವನ್ನು ತಿದ್ದಿಸುತ್ತವೆ.

ಹಿಂದಿನ ಡ್ರಾಯಿಂಗ್ ಆಫೀಸಿನಲ್ಲಿ ಜೆಡಿಯ ಅವಶ್ಯಕತೆಯೇ ಇರಲಿಲ್ಲ. ಚೀಫ್ ಡ್ರಾಫ್ಟ್ಸ್‌ಮನ್, ಚೆಕರ್, ಡ್ರಾಫ್ಟ್ಸ್‌ಮನ್, ಟ್ರೇಸರ್ ಎಂಬ ಚಾತುರ್ವರ್ಣ್ಯವು ಕಣ್ಣಿಗೆ ಕಾಣುವಂತೆಯೇ ಏರ್ಪಟ್ಟಿತ್ತು: ಬೆರಳಿನ ತುದಿಗೆ ಇಂಡಿಯನ್ ಇಂಕು ಮೆತ್ತಿಕೊಂಡು, ತಪ್ಪಿದ ಗೆರೆಯನ್ನು ಅರ್ಧ ಬ್ಲೇಡಿನಿಂದ ಉಸಿರು ಬಿಗಿಹಿಡಿದು ಕೆರೆಯುತ್ತಿದ್ದವನು ಟ್ರೇಸರು, ಬಲಗೈಯಲ್ಲಿ ಕೆಂಪು ಪೆನ್ಸಿಲನ್ನೂ ಮುಖದಲ್ಲಿ ಅತೃಪ್ತಿಯನ್ನೂ ಧರಿಸಿದ್ದವನು ಚೆಕರು, ಹತ್ತಿರ ಬಂದೊಡನೆ ಮೂಗು ಮುಚ್ಚಿಕೊಳ್ಳುವಂತಾದರೆ, ಅವನು ಒಳಕೋಣೆಯಲ್ಲಿ ಅಮೋನಿಯಾ ಪ್ರಿಂಟು ತೆಗೆಯುವ ಪಂಚಮನು. 1982ರಲ್ಲಿ ಆಟೋಕ್ಯಾಡ್ ಅವತರಿಸಿದ ಬಳಿಕ ಈ ವರ್ಣಗಳು ಸಂಕರಗೊಳ್ಳುತ್ತ ಬಂದು ಕೊನೆಗೆ ಒಂದೇ ಕುರ್ಚಿಯಲ್ಲಿ ಲಯ ಹೊಂದಿದವು. ಐವರ ಕೆಲಸ ಒಬ್ಬನಿಗೆ ಬಂದಿತು. ಐವರ ಹೆಸರುಗಳೂ ಹೋಗಿ, ಆ ಒಬ್ಬನು 'ಡಿಸೈನ್ ಎಕ್ಸಿಕ್ಯುಟಿವ್' ಎನಿಸಿದನು. ಕಣ್ಣಿಗೆ ಕಾಣುತ್ತಿದ್ದುದು ಕಾಣದಂತಾದಾಗಲೇ ಲಕ್ಷಣಗ್ರಂಥಗಳು ಹುಟ್ಟುವುದು. ಜೆಡಿಯೂ ಹಾಗೆಯೇ ಹುಟ್ಟಿತು.

ಇಲ್ಲಿ ಪರಿಶೀಲನೆಗೆ ಎತ್ತಿಕೊಂಡಿರುವ ಪಾಠವು ಯಾವುದೋ ಒಂದು ಕಂಪನಿಯದಲ್ಲ. ಅನೇಕ ಪ್ರತಿಗಳನ್ನು ತಾಳೆ ನೋಡಿದಾಗ ಕೊನೆಗೆ ನಿಲ್ಲುವ ಮೂಲಪಾಠವೆಂದೇ ಅದನ್ನು ಭಾವಿಸಬೇಕು. ಪ್ರತಿಕಾರರು ಒಬ್ಬರಿಂದೊಬ್ಬರು ನಕಲು ಮಾಡುತ್ತ ಬಂದುದರಿಂದ ಪ್ರಕ್ಷಿಪ್ತಗಳಿಗೂ ಕೊರತೆಯಿಲ್ಲ: ಪೈಪುಗಳ ನಕ್ಷೆ ಬರೆಯುವವನಿಗೆ 'ಸ್ವಂತ ದ್ವಿಚಕ್ರ ವಾಹನವಿರತಕ್ಕದ್ದು' ಎಂಬ ವಾಕ್ಯವು, ಮಾರಾಟ ವಿಭಾಗದ ಜೆಡಿಯಿಂದ ಯಾವ ಕಾಲದಲ್ಲಿಯೋ ಜಾರಿ ಬಂದು ಇಲ್ಲಿ ನೆಲೆಸಿರುವುದೆಂದು ಊಹಿಸಲು ಪಾಂಡಿತ್ಯವೇನೂ ಬೇಕಾಗದು. ಆದರೂ ಈ ವಾಕ್ಯವನ್ನು ಕಿತ್ತುಹಾಕಲು ಇದುವರೆಗೆ ಯಾರೂ ಧೈರ್ಯಮಾಡಿಲ್ಲ. ಅಷ್ಟು ವರ್ಷದಿಂದ ಇರುವುದಕ್ಕೆ ಏನಾದರೂ ಕಾರಣವಿದ್ದೇ ಇರಬೇಕೆಂಬ ಶ್ರದ್ಧೆಯು ವೇದಗಳ ವಿಷಯದಲ್ಲಿಯೂ ಇಷ್ಟರಮಟ್ಟಿಗೆ ಉಳಿದಿರಲಾರದು.

ಮೀಮಾಂಸಕರು ವಾಕ್ಯರಾಶಿಯಲ್ಲಿ 'ಇದನ್ನು ಮಾಡು' ಎನ್ನುವ ವಿಧಿಯನ್ನೂ ಬರಿಯ ಸ್ತುತಿಯಾದ ಅರ್ಥವಾದವನ್ನೂ ಬೇರ್ಪಡಿಸುವುದಷ್ಟೆ? ಅರ್ಥವಾದವು ಮತ್ತೆ ಮೂರು ಬಗೆ. ಕಣ್ಣಿಗೆ ಕಾಣುವುದಕ್ಕೆ ವಿರುದ್ಧವಾಗಿ ಯಜ್ಞದ ಕಂಬವನ್ನೇ ಸೂರ್ಯನೆಂದು ಹೊಗಳುವಂಥದು ಗುಣವಾದ. ಬೆಂಕಿಯು ಚಳಿಗೆ ಮದ್ದೆಂಬಂತೆ ಎಲ್ಲರಿಗೂ ಗೊತ್ತಿರುವುದನ್ನೇ ಹೇಳುವಂಥದು ಅನುವಾದ. ಹಿಂದೆಂದೋ ನಡೆದ ಮಹತ್ಕಾರ್ಯವನ್ನು ಕೀರ್ತಿಸುವಂಥದು ಭೂತಾರ್ಥವಾದ. ಈ ಜರಡಿಯಲ್ಲಿ ನಮ್ಮ ಪಾಠವನ್ನು ಜಾಲಿಸಿದರೆ, 'ಉತ್ಸಾಹದ ಚಿಲುಮೆಯಾದ, ಒತ್ತಡದಲ್ಲಿಯೂ ನಗುಮೊಗದಿಂದಿರುವ ಅಭ್ಯರ್ಥಿ' ಎಂಬುದು ಗುಣವಾದವಾಗುತ್ತದೆ; 'ನಕ್ಷೆಗಳನ್ನು ರಚಿಸುವುದು, ರಚಿಸಿದ ನಕ್ಷೆಗಳನ್ನು ಸೇವ್ ಮಾಡುವುದು' ಎಂಬುದು ನಿರ್ವಿವಾದವಾಗಿ ಅನುವಾದ; ಸಂಸ್ಥಾಪಕರು ಒಂದೇ ಒಂದು ಲೇತ್ ಯಂತ್ರದಿಂದ ಆರಂಭಿಸಿದ ವೃತ್ತಾಂತವು ಭೂತಾರ್ಥವಾದ. ಇಷ್ಟನ್ನೂ ತೆಗೆದುಹಾಕಿದ ಮೇಲೆ ಜರಡಿಯಲ್ಲಿ ಉಳಿಯುವ ವಿಧಿವಾಕ್ಯ ಒಂದೇ ಒಂದು: 'ಸಂದರ್ಶನಕ್ಕೆ ಬರುವಾಗ ಎರಡು ಪಾಸ್‌ಪೋರ್ಟ್ ಸೈಜಿನ ಫೋಟೋ ತರುವುದು.'

ಇನ್ನು ಕೌಟಿಲ್ಯನ ಕಡೆಗೆ ತಿರುಗೋಣ. ಕನ್ನಡನಾಡಿನವರು ತಿರುಗಲೇಬೇಕು, ಏಕೆಂದರೆ ಬಹುಕಾಲ ಕಣ್ಮರೆಯಾಗಿದ್ದ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚಿಗೆ ಕೊಟ್ಟವರು ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ಆರ್. ಶಾಮಶಾಸ್ತ್ರಿಗಳೇ. ಅದರ ಎರಡನೆಯ ಅಧಿಕರಣವಾದ 'ಅಧ್ಯಕ್ಷಪ್ರಚಾರ'ವು ಸುಂಕದಿಂದ ಹಿಡಿದು ಸೇಂದಿಯವರೆಗೆ ಒಬ್ಬೊಬ್ಬ ಅಧ್ಯಕ್ಷನ ಕೆಲಸವನ್ನೂ ವಿವರಿಸುವ ಜೆಡಿಗಳ ಮಹಾಸಂಕಲನವೆಂದರೆ ಅತಿಶಯೋಕ್ತಿಯಾಗದು. ಅಲ್ಲಿ ರಾಜಶಾಸನವನ್ನು ಬರೆಯುವ ಲೇಖಕನು ಎಲ್ಲ ರೂಢಿಗಳನ್ನೂ ಬಲ್ಲವನೂ ಬೇಗ ರಚಿಸುವವನೂ ಅಂದವಾದ ಅಕ್ಷರದವನೂ ಬರೆಹವನ್ನು ಓದಬಲ್ಲವನೂ ಆಗಿರಬೇಕೆಂದು ಹೇಳಿದೆ. ಇನ್ನೊಬ್ಬನ ಮನಸ್ಸಿನಲ್ಲಿರುವುದನ್ನು ಏಕಾಗ್ರತೆಯಿಂದ ಕೇಳಿ, ತಪ್ಪಿಲ್ಲದೆ ಹಾಳೆಗಿಳಿಸುವವನಿಗೆ ಇದಕ್ಕಿಂತ ಸಂಕ್ಷಿಪ್ತವೂ ಸತ್ಯವೂ ಆದ ಲಕ್ಷಣವಿದೆಯೆಂದು ನಮಗೆ ತೋರುವುದಿಲ್ಲ. ನಗುಮೊಗವನ್ನಂತೂ ಚಾಣಕ್ಯನು ಕೇಳಲೇ ಇಲ್ಲ. ಅದೇ ಪ್ರಕರಣದಲ್ಲಿ ಅವನು ಬರೆಹದ ಐದು ದೋಷಗಳನ್ನು ಎಣಿಸುತ್ತಾನೆ: ಅಕಾಂತಿ, ವ್ಯಾಘಾತ, ಪುನರುಕ್ತ, ಅಪಶಬ್ದ, ಸಂಪ್ಲವ. ಐದಕ್ಕೂ ನಮ್ಮ ಜೆಡಿಯಲ್ಲಿ ಉದಾಹರಣೆ ಹೇರಳವಾಗಿದ್ದರೂ ಹಿಂದಿನ ಮಾತಿಗೆ ಮುಂದಿನ ಮಾತು ಎದುರು ನಿಲ್ಲುವ ವ್ಯಾಘಾತವೊಂದನ್ನು ಮಾತ್ರ ತೋರಿಸುತ್ತೇವೆ. 'ಸ್ವತಂತ್ರವಾಗಿ ನಿರ್ಣಯ ಕೈಗೊಳ್ಳಬಲ್ಲವರಾಗಿರಬೇಕು' ಎಂಬ ಮೂರನೆಯ ಕಲಮಿನ ನಂತರ, 'ಯಾವ ಅಳತೆಯನ್ನೂ ಡಿಸೈನ್ ಮ್ಯಾನೇಜರರ ಲಿಖಿತ ಅನುಮತಿಯಿಲ್ಲದೆ ಬದಲಿಸಕೂಡದು' ಎಂಬ ಏಳನೆಯ ಕಲಮು ಬರುತ್ತದೆ. ಟೀಕಾಕಾರರು ಇದನ್ನು ಹೀಗೆ ಸಮನ್ವಯಗೊಳಿಸುವುದುಂಟು: ನಿರ್ಣಯ ತಪ್ಪಾದಾಗ ಮೂರನೆಯದು ಅನ್ವಯಿಸುವುದು, ಸರಿಯಾದಾಗ ಏಳನೆಯದು.

ಇದೆಲ್ಲಕ್ಕಿಂತಲೂ ನಮ್ಮನ್ನು ಚಕಿತಗೊಳಿಸುವ ಸಂಗತಿ ಬೇರೆಯಿದೆ. ಭೂಮಂಡಲದ ಮೇಲೆ ಅಳತೆಯ ವಿಷಯದಲ್ಲಿ ಡ್ರಾಯಿಂಗ್ ಆಫೀಸಿನಷ್ಟು ನಿಷ್ಠುರವಾದ ಜಾಗ ಮತ್ತೊಂದಿಲ್ಲ. ಅಲ್ಲಿ ಹಾಳೆಗೂ ನಿಯಮವುಂಟು: ಎ0 ಹಾಳೆ 841ಕ್ಕೆ 1189 ಮಿಲಿಮೀಟರು, ಒಂದು ಚದರ ಮೀಟರು, ನಡುವೆ ಮಡಿಸಿದರೆ ಅಗಲ ಉದ್ದಗಳ ಪ್ರಮಾಣ ಕೆಡದೆ ಎ1 ಆಗುತ್ತದೆ. 25 ಮಿಲಿಮೀಟರಿನ ಶಾಫ್ಟಿಗೆ ಸಣ್ಣ ಎಚ್7 ಎಂದು ಬರೆದರೆ, ಅದು 25ಕ್ಕಿಂತ ಕೂದಲೆಳೆಯಷ್ಟೂ ಹೆಚ್ಚಬಾರದು, ಕಡಿಮೆಯಾದರೂ 0.021 ಮಿಲಿಮೀಟರಿನೊಳಗೇ ಇರಬೇಕು. ಮೀರಿದರೆ ಇನ್‌ಸ್ಪೆಕ್ಷನ್ನಿನವರು ಕೆಂಪು ಬಣ್ಣ ಬಳಿದು ಮೂಲೆಗೆ ಎಸೆಯುತ್ತಾರೆ. ಇಂಥ ಶಾಫ್ಟನ್ನು ಬರೆಯುವ ಮನುಷ್ಯನ ಜೆಡಿಯಲ್ಲಿ ಏನಿದೆ? 'ಅನುಭವ: 0ಯಿಂದ 10 ವರ್ಷ.' ಇಪ್ಪತ್ತೊಂದು ಮೈಕ್ರಾನನ್ನು ಕ್ಷಮಿಸದವರು ಒಂದು ದಶಕವನ್ನು ಕ್ಷಮಿಸುತ್ತಾರೆ! ಐಟಿಐಯಲ್ಲಿ ಎರಡು ವರ್ಷ ಡ್ರಾಫ್ಟ್ಸ್‌ಮನ್ ಟ್ರೇಡು ಮುಗಿಸಿದವನೂ ಬರಬಹುದು, ಎಂ.ಟೆಕ್. ಮಾಡಿದವನೂ ಬರಬಹುದು, ಇಬ್ಬರೂ ಒಂದೇ ರಂಧ್ರದಲ್ಲಿ ಕೂರುತ್ತಾರೆಂಬುದು ಆಡಳಿತವರ್ಗದ ನಂಬಿಕೆ. ಹಾಳೆಯ ನಿಯಮವನ್ನು ಮಾತ್ರ ಅವರು ಒಂದೆಡೆ ಪಾಲಿಸಿರುವುದನ್ನು ನ್ಯಾಯವಾಗಿ ಒಪ್ಪಿಕೊಳ್ಳಬೇಕು: ಸೀನಿಯರ್ ಡ್ರಾಫ್ಟ್ಸ್‌ಮನ್ನನ ಜೆಡಿಯನ್ನು ನಡುವೆ ಮಡಿಸಿದರೆ, ಕೆಲಸದ ಆಕಾರವೇನೂ ಕೆಡದೆ, ಅರ್ಧ ಸಂಬಳದ ಜೂನಿಯರನು ದೊರೆಯುತ್ತಾನೆ.

ಆದುದರಿಂದ ನಮ್ಮ ಸಿದ್ಧಾಂತವು ಇದು: ನಕ್ಷೆಗಾರನ ಜೆಡಿಯನ್ನು ನಕ್ಷೆಯ ನಿಯಮಗಳಿಂದಲೇ ಬರೆಯಬೇಕು. ಒಂದು ವಸ್ತುವನ್ನು ಎದುರಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿ ಮೂರು ನೋಟಗಳನ್ನು ಬರೆಯುವಂತೆ, ಕೆಲಸವನ್ನೂ ಮೂರು ಕಡೆಯಿಂದ ನೋಡಬೇಕು. ಎದುರಿನಿಂದ ನೋಡುವವರು ಎಚ್.ಆರ್. ವಿಭಾಗದವರು, ಅವರಿಗೆ ಕಾಣುವುದು ಕುರ್ಚಿ, ಕಂಪ್ಯೂಟರು, ಹಾಜರಿ. ಮೇಲಿನಿಂದ ನೋಡುವವರಿಗೆ ಬೋಳುನೆತ್ತಿಯೊಂದು ಮಾತ್ರ ಕಾಣುವುದು. ಅದರ ಕೆಳಗೆ ನಡೆಯುವುದು ಅವರ ದೃಷ್ಟಿಗೆ ಬೀಳದು. ನಮ್ಮ ದೇಶದಲ್ಲಿ ಪ್ರಥಮ ಕೋನ ಪ್ರಕ್ಷೇಪವು ರೂಢಿಯಲ್ಲಿರುವುದರಿಂದ ಮೇಲಿನಿಂದ ಕಂಡುದನ್ನು ಹಾಳೆಯ ಕೆಳಭಾಗದಲ್ಲಿ ಬರೆಯತಕ್ಕದ್ದು. ಮೇಲಿನವರ ಅಭಿಪ್ರಾಯವೆಲ್ಲ ಕೊನೆಗೆ ಕೆಳಗಿನವನ ತಲೆಗೇ ಬರುವುದೆಂಬ ಅನುಭವಸತ್ಯವು ಈ ಪದ್ಧತಿಯಲ್ಲಿ ತಾನೇ ತಾನಾಗಿ ಅಡಕವಾಗಿದೆ. ಉಳಿದುದು ಪಕ್ಕದ ನೋಟ. ಅದನ್ನು ಪಕ್ಕದ ಕುರ್ಚಿಯವರನ್ನೇ ಕೇಳಬೇಕು.

ಪಕ್ಕದ ನೋಟಕ್ಕೆ ಒಂದು ಬೆಳಗಿನ ವೃತ್ತಾಂತವನ್ನು ಪೀಣ್ಯದ ಕಡೆಯ ಯಾವುದೇ ಡ್ರಾಯಿಂಗ್ ಆಫೀಸಿನಿಂದ ಎತ್ತಿಕೊಳ್ಳಬಹುದು. ಇಂಜಿನಿಯರರು ಹಳೆಯ ಡೆಲಿವರಿ ಚಲನ್ನಿನ ಬೆನ್ನಿನ ಮೇಲೆ ಬಾಲ್‌ಪೆನ್ನಿನಿಂದ ಒಂದು ಬ್ರಾಕೆಟ್ಟನ್ನು ಗೀಚಿ, 'ಮಧ್ಯಾಹ್ನದೊಳಗೆ ಬೇಕು, ನೋಡಿಕೊಂಡು ಹಾಕಿ' ಎಂದು ಮೇಜಿನ ಮೇಲಿಟ್ಟು ಸೈಟಿಗೆ ಹೊರಟುಹೋಗಿದ್ದಾರೆ. ಅದರಲ್ಲಿ ರಂಧ್ರಗಳ ನಡುವಿನ ಅಂತರ 40, 35, 40 ಎಂದಿದೆ. ಮೊದಲ ರಂಧ್ರದಿಂದ ಕೊನೆಯ ರಂಧ್ರದವರೆಗೆ ಒಟ್ಟು 120 ಎಂದಿದೆ. ಕೂಡಿದರೆ 115. ಐದು ಮಿಲಿಮೀಟರು ಲೋಕದಿಂದ ಕಾಣೆಯಾಗಿದೆ. ಇಂಜಿನಿಯರರ ಫೋನು ವ್ಯಾಪ್ತಿಪ್ರದೇಶದ ಹೊರಗಿದೆ; ಮ್ಯಾನೇಜರರು ಮೀಟಿಂಗಿನಲ್ಲಿದ್ದಾರೆ; ಏಳನೆಯ ಕಲಮು ಗೋಡೆಯ ಮೇಲಿದೆ. ನಕ್ಷೆ ಬರೆಯುವ ಹುಡುಗಿ ಎದ್ದು, ಚಲನ್ನನ್ನು ಮಡಚಿಕೊಂಡು, ಶೆಡ್ಡಿಗೆ ಹೋಗಿ ಹಿರಿಯ ಫಿಟ್ಟರರ ಮುಂದೆ ನಿಲ್ಲುತ್ತಾಳೆ.

"ಅಣ್ಣಾ, ಇದರ ಹಳೇ ಪೀಸು ಇದೆಯಾ?"

ಅವರು ರ್‍ಯಾಕಿನ ಕೆಳಗಿಂದ ಜಿಡ್ಡು ಮೆತ್ತಿದ ಬ್ರಾಕೆಟ್ಟೊಂದನ್ನು ಎಳೆದು, ಬನಿಯನ್ ವೇಸ್ಟಿನಿಂದ ಒರೆಸಿ, ವರ್ನಿಯರ್ ಹಿಡಿದು, ಕನ್ನಡಕವನ್ನು ಹಣೆಗೇರಿಸಿ ನೋಡುತ್ತಾರೆ. "ಮಧ್ಯದ್ದು ನಲವತ್ತಮ್ಮ, ಮೂವತ್ತೈದಲ್ಲ. ಹೋದ ಸಲಾನೂ ಹಿಂಗೇ ಬರ್ದಿದ್ರು ಅವರು. ನೀನು ನಲವತ್ತು ಹಾಕ್ಬಿಡು, ಕೇಳಿದ್ರೆ ನನ್ ಹೆಸರು ಹೇಳ್ಬೇಡ."

ಇದರಲ್ಲಿ ನಕ್ಷೆ ಎಳೆದ ಕಾಲ ಎಷ್ಟು, ಅಲೆದ ಕಾಲ ಎಷ್ಟು ಎಂಬುದನ್ನು ವಿಚಾರಮಾಡಿದರೆ, ನೈಜವಾದ ಜೆಡಿಯ ಪ್ರಥಮ ವಾಕ್ಯವು ತಾನಾಗಿಯೇ ಹೊಳೆಯುವುದು: 'ಇತರರು ಕಳೆದ ಮಿಲಿಮೀಟರುಗಳನ್ನು ಹುಡುಕಿ ತಂದು, ಹುಡುಕಿದ ಸುಳಿವು ಸಿಗದಂತೆ ಸ್ವಸ್ಥಾನದಲ್ಲಿ ಕೂರಿಸತಕ್ಕದ್ದು.' ಎರಡನೆಯದು: 'ಶೆಡ್ಡಿನವರೊಂದಿಗೆ ಸ್ನೇಹವಿರತಕ್ಕದ್ದು.' ಆಟೋಕ್ಯಾಡನ್ನು ಮೂರು ತಿಂಗಳಲ್ಲಿ ಕಲಿಸಬಹುದು. ಕೂಡಿ ನೋಡುವ ಚಟವನ್ನು ಕಲಿಸಿದವರನ್ನು ನಾವು ಕಂಡಿಲ್ಲವಾದುದರಿಂದ, ಸಂದರ್ಶನದಲ್ಲಿ ಅಭ್ಯರ್ಥಿಯ ಕೈಗೆ ಇಂಥದೇ ಒಂದು ಚಲನ್ನು ಕೊಟ್ಟು ಸುಮ್ಮನೆ ಕೂರುವುದು ಅವನ ಐದು ವರ್ಷದ ಗುರಿಯನ್ನು ಕೇಳುವುದಕ್ಕಿಂತ ಉತ್ತಮವೆಂದು ಭಾವಿಸುತ್ತೇವೆ.

ವಸ್ತುವಿನ ಒಳಗಿದ್ದು ಹೊರಗೆ ಕಾಣದ ಅಂಚುಗಳನ್ನು ತುಂಡುಗೆರೆಗಳಿಂದ ತೋರಿಸುವುದು ಕ್ರಮವಷ್ಟೆ? ಜೆಡಿಯ ಕೊನೆಯಲ್ಲಿ ಬರುವ 'ಮೇಲಧಿಕಾರಿಗಳು ಆಗಿಂದಾಗ್ಗೆ ವಹಿಸುವ ಇತರ ಕರ್ತವ್ಯಗಳು' ಎಂಬ ಕಲಮು ಅಂಥ ಕಾಣದ ಅಂಚು. ಅದನ್ನು ಬಿಡಿಸಿ ಬರೆಯುವುದೇ ಪ್ರಾಮಾಣಿಕತೆ: ಪ್ಲಾಟರಿನಲ್ಲಿ ಸಿಕ್ಕಿಕೊಂಡ ಹಾಳೆಯನ್ನು ಹರಿಯದೆ ತೆಗೆಯುವುದು, ಗ್ರಾಹಕರು ಬಂದ ದಿನ ಹಳೆಯ ನಕ್ಷೆಗೆ ಹೊಸ ಬಣ್ಣ ತುಂಬಿ ಗೋಡೆಗೆ ಅಂಟಿಸುವುದು, ನಿರ್ದೇಶಕರ ಸೋದರಳಿಯನ ಹೊಸ ಮನೆಯ ಪ್ಲಾನನ್ನು, ಪೂಜಾಕೋಣೆಯು ಈಶಾನ್ಯಕ್ಕೆ ಬರುವವರೆಗೆ, ಆಫೀಸಿನ ವೇಳೆಯಲ್ಲಿಯೇ ತಿರುಗಿಸುತ್ತಿರುವುದು. ಇಷ್ಟನ್ನೂ ತುಂಡುಗೆರೆಯಲ್ಲಿ ಬರೆದರೆ ಓದಿದವನು ಹೆದರಿ ಓಡುವನೆಂಬ ಪೂರ್ವಪಕ್ಷವುಂಟು. ಓಡುವವನು ಸೇರಿದ ಮೂರನೆಯ ತಿಂಗಳು ಓಡುವುದಕ್ಕಿಂತ ಓದಿದ ಕೂಡಲೇ ಓಡುವುದರಲ್ಲಿ ಉಭಯತರಿಗೂ ಲಾಭವೆಂಬುದು ನಮ್ಮ ಸಮಾಧಾನ.

ಉಳಿದುದು ವೇತನ. 'ಅರ್ಹತೆಗೆ ತಕ್ಕಂತೆ, ಉದ್ಯಮದ ರೂಢಿಗೆ ಅನುಗುಣವಾಗಿ' ಎಂಬ ಸಾಲನ್ನು ಎಷ್ಟು ಮಥಿಸಿದರೂ ನಮಗೆ ಅಂಕಿಯೊಂದೂ ದೊರೆಯಲಿಲ್ಲ. ವೇತನವುಂಟೆನ್ನೋಣವೆಂದರೆ ಸಂಖ್ಯೆಯಿಲ್ಲ; ಇಲ್ಲವೆನ್ನೋಣವೆಂದರೆ ತಿಂಗಳ ಕೊನೆಗೆ ಏನೋ ಒಂದು ಖಾತೆಗೆ ಬಂದು ಬೀಳುತ್ತದೆ; ಸತ್ತೂ ಅಲ್ಲದ ಅಸತ್ತೂ ಅಲ್ಲದ ಇಂಥದನ್ನು ಅದ್ವೈತಿಗಳು ಅನಿರ್ವಚನೀಯವೆಂದು ಕರೆದು ಕೈತೊಳೆದುಕೊಳ್ಳುತ್ತಾರೆ. ನಕ್ಷೆಗಾರರು ಅಷ್ಟು ಸುಲಭವಾಗಿ ಬಿಡುವವರಲ್ಲ. ಅಳತೆಗೆ ತಕ್ಕಂತೆ ಬರೆಯದ ಭಾಗದ ಕೆಳಗೆ ಅವರು 'ಎನ್.ಟಿ.ಎಸ್.' ಎಂಬ ಮೂರಕ್ಷರ ಬರೆದು ಎಚ್ಚರಿಸುವ ಸಂಪ್ರದಾಯವಿರುವುದರಿಂದ, ಅದನ್ನು ವೇತನದ ಸಾಲಿಗೂ ವಿಸ್ತರಿಸಬೇಕೆಂದು ಕರಡಿನಲ್ಲಿ ಸೂಚಿಸಿದ್ದೆವು. ಎಚ್.ಆರ್. ವಿಭಾಗದವರು ಸೂಚನೆಯನ್ನು ಹೃತ್ಪೂರ್ವಕವಾಗಿ ಅಂಗೀಕರಿಸಿ, ಪರಿಷ್ಕೃತ ಜೆಡಿಯ ಅರ್ಹತೆಗಳ ಪಟ್ಟಿಗೆ 'ಎನ್.ಟಿ.ಎಸ್. ಸಾಫ್ಟ್‌ವೇರಿನಲ್ಲಿ ಕನಿಷ್ಠ ಮೂರು ವರ್ಷದ ಅನುಭವ' ಎಂಬುದನ್ನು ಸೇರಿಸಿದ್ದಾರೆ.