ಬಿಲ್ಲಾನುಮೋದನ ಮೀಮಾಂಸೆ

ಕಂಪನಿ ಕಾರ್ಡು ಉಜ್ಜಿದ ಕ್ಷಣದಿಂದ ‘ಅಪ್ರೂವ್ಡ್’ ಎಂಬ ಹಸಿರು ಮುದ್ರೆ ಬೀಳುವವರೆಗೆ ಚಲಿಸುವುದು ಏನು? ಬಿಲ್ಲು ಚಲಿಸುತ್ತದೆ ಎಂಬುದು ಸಾಫ್ಟ್‌ವೇರ್ ಮಾರುವವರ ವಾದ. ಬಿಲ್ಲು ಅಚಲ, ನೌಕರನೇ ಚಲ ಎಂಬುದು ಪ್ರಸ್ತುತ ಪ್ರಬಂಧದ ಸಿದ್ಧಾಂತ. ಇದರ ಸ್ಥಾಪನೆಗಾಗಿ ಸುಂಕದಕಟ್ಟೆಯಲ್ಲಿ ಬಾಡಿಗೆಗಿದ್ದು ಪೀಣ್ಯದಲ್ಲಿ ದುಡಿಯುವ ಸರ್ವಿಸ್ ಇಂಜಿನಿಯರ್ ಎಂಬ ಪ್ರಭೇದವನ್ನು ಆರಿಸಿಕೊಳ್ಳಲಾಗಿದೆ.

ಇತಿಹಾಸವಿಲ್ಲದ ಪ್ರಬಂಧಕ್ಕೆ ಪಿಎಚ್.ಡಿ. ಸಿಗದಾದ್ದರಿಂದ ಮೊದಲು ಇತಿಹಾಸ. ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ ಎಂಬ ಸುಂಕಗಳೂ ಅವನ್ನು ನೋಡಿಕೊಳ್ಳುವ ಸುಂಕವೆರ್ಗಡೆಯೂ ಬರುತ್ತಾರೆ. ವಿಜಯನಗರದ ಅರಸರು ದಾನಶಾಸನದ ಕೊನೆಗೆ ‘ಶ್ರೀ ವಿರೂಪಾಕ್ಷ’ ಎಂದು ಕನ್ನಡದಲ್ಲಿ ಅಂಕಿತ ಹಾಕಿದರೆ ಮುಗಿಯಿತು, ಊರಿಗೆ ಊರೇ ಕೈಬದಲು. ಈಗ ಒಂದು ಮಸಾಲೆದೋಸೆಗೆ ಮ್ಯಾನೇಜರ್, ಕಾಸ್ಟ್ ಸೆಂಟರ್ ಮುಖ್ಯಸ್ಥ, ಫೈನಾನ್ಸ್ ಹೀಗೆ ಮೂರು ಅಂಕಿತ ಬೇಕು. ನಾಗರಿಕತೆ ಮುಂದುವರಿದಿದೆ. ಇನ್ನು ಅರ್ಥಶಾಸ್ತ್ರ. ಅದರ ಓಲೆಗರಿ ಸಿಕ್ಕಿದ್ದು ಮೈಸೂರಿನಲ್ಲೇ, 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಾಶಾಸ್ತ್ರಿಗಳು. ಬೊಕ್ಕಸ ನುಂಗುವ 40 ಬಗೆಗಳನ್ನು ಕೌಟಿಲ್ಯ ಅದರಲ್ಲಿ ಪಟ್ಟಿ ಮಾಡಿದ್ದಾನೆ. ಎಕ್ಸ್‌ಟ್ರಾ ವಡೆ ಇವುಗಳಲ್ಲಿ ಎಷ್ಟನೆಯದು ಎಂಬ ಬಗ್ಗೆ ಫೈನಾನ್ಸ್ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಇನ್ನು ಕ್ಷೇತ್ರಕಾರ್ಯ. ಮಾಗಡಿ ರಸ್ತೆಯ ದರ್ಶಿನಿಯಲ್ಲಿ ಇರುವುದು ಕ್ಯೂಆರ್ ಹಾಳೆ, ಉಜ್ಜುವ ಮೆಷಿನ್ನಲ್ಲ. ಯುಪಿಐಗೆ ಜೋಡಿಸುವ ಭಾಗ್ಯ 2022ರಲ್ಲಿ ದೊರೆತದ್ದು ರುಪೇ ಕ್ರೆಡಿಟ್ ಕಾರ್ಡಿಗೆ. ಕಂಪನಿ ಕೊಟ್ಟಿರುವುದು ವೀಸಾ. 2025ರ ಜುಲೈನಲ್ಲಂತೂ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸಿಗೆ ಬೆದರಿ ಬೆಂಗಳೂರಿನ ಎಷ್ಟೋ ಅಂಗಡಿಗಳು ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂದು ಬೋರ್ಡು ತಗುಲಿಸಿದವು. ಮೆಷಿನ್ ಇರುವ ಹೋಟೆಲು ಸಿಕ್ಕಿತೆನ್ನಿ, ಅದು ಕಾಂಪೊಸಿಷನ್ ಸ್ಕೀಮಿನದು. ಗಿರಾಕಿಯಿಂದ ಜಿಎಸ್‌ಟಿ ಪಡೆಯುವಂತಿಲ್ಲ, ಟ್ಯಾಕ್ಸ್ ಇನ್‌ವಾಯ್ಸ್ ಕೊಡುವಂತಿಲ್ಲ. ಕಾನೂನಿನ ಪ್ರಕಾರ ಅವರು ಕೊಡಬೇಕಾದ್ದೇ ‘ಬಿಲ್ ಆಫ್ ಸಪ್ಲೈ’. ಫೈನಾನ್ಸಿಗೆ ಮಾತ್ರ 29ರಿಂದ ಆರಂಭವಾಗುವ, 15 ಅಕ್ಷರಗಳ ಕಂಪನಿ ಜಿಎಸ್‌ಟಿ ಸಂಖ್ಯೆ ಅಚ್ಚಾದ ಇನ್‌ವಾಯ್ಸೇ ಆಗಬೇಕು. ಊಟತಿಂಡಿಗೆ ಇನ್‌ಪುಟ್ ಕ್ರೆಡಿಟ್ ಸಾಮಾನ್ಯವಾಗಿ ಸಿಗುವುದಿಲ್ಲವಲ್ಲ, ಮತ್ತೇಕೆ ಅದು ಎಂದು ಕೇಳುವವನು ಅನಧಿಕಾರಿ. ಈ ವಾದ ತೀರುವಷ್ಟರಲ್ಲಿ ಥರ್ಮಲ್ ಕಾಗದದ ಬಿಲ್ಲು ಜೇಬಿನ ಬೆವರಿಗೆ ಬೆಳ್ಳಗಾಗಿ ನಿರ್ಗುಣ ಬ್ರಹ್ಮವನ್ನು ಸೇರಿರುತ್ತದೆ.

ಬಿಲ್ಲಿಗೂ ಅವಸ್ಥೆಗಳು ನಾಲ್ಕು. ‘ಡ್ರಾಫ್ಟ್’ ಸ್ವಪ್ನ, ‘ಸಬ್ಮಿಟೆಡ್’ ಜಾಗ್ರತ್, ‘ಪೆಂಡಿಂಗ್’ ಸುಷುಪ್ತಿ, ‘ಅಪ್ರೂವ್ಡ್’ ತುರೀಯ. ‘ಸೆಂಟ್ ಬ್ಯಾಕ್’ ಎಂಬುದು ಅವಸ್ಥೆಯಲ್ಲ, ಪುನರ್ಜನ್ಮ. ಸುಷುಪ್ತಿಯ ಕಾಲದಲ್ಲಿ ಪರದೆ ಹೇಳುವುದಿಷ್ಟೇ: ಬಿಲ್ಲು ಇಂಥವರ ಬಳಿ ಇದೆ. ಆ ಇಂಥವರು ಎಲ್ಲಿದ್ದಾರೆ, ಬೆಳಿಗ್ಗೆ ಅವರನ್ನು ಅವರ ಮೇಲಿನವರು ಬೈದರೋ ಇಲ್ಲವೋ, ತಿಳಿಯದು. ಆದ್ದರಿಂದ ನೌಕರನು ಬಿಲ್ಲನ್ನು ಬಿಟ್ಟು ಮ್ಯಾನೇಜರನ್ನೇ ಟ್ರ್ಯಾಕ್ ಮಾಡತೊಡಗುತ್ತಾನೆ: ಪಾರ್ಕಿಂಗಿನಲ್ಲಿ ಕಾರು, ಚಾಟಿನಲ್ಲಿ ಹಸಿರು ಚುಕ್ಕೆ, ನಾಲ್ಕು ಗಂಟೆಯ ಟೀ. ‘ಸಾರ್, ನಂದೊಂದು ಬಿಲ್ಲಿತ್ತು’ ಎಂಬ ಮೂಲಮಂತ್ರವನ್ನು ಟೀಯ ಎರಡನೇ ಗುಟುಕಿಗೆ ಉಚ್ಚರಿಸಬೇಕು. ಮೊದಲನೆಯದಕ್ಕೆ ನಾಲಗೆ ಸುಡುತ್ತಿರುತ್ತದೆ. ಆ್ಯಪಿನ ‘ರಿಮಾರ್ಕ್ಸ್’ ಅಂಕಣದಲ್ಲಿ ಕಷ್ಟ ತೋಡಿಕೊಳ್ಳುವವರೂ ಉಂಟು. ಸುಂಕದವನ ಮುಂದೆ ಸುಖದುಃಖ ಹೇಳಬಾರದೆಂದು ಅವರಿಗೆ ಮನೆಯಲ್ಲಿ ಹಿರಿಯರು ಕಲಿಸಿಲ್ಲ.

ಇಲ್ಲೊಂದು ಪೂರ್ವಪಕ್ಷ. ಸುಂಕದಕಟ್ಟೆಯನ್ನು ಹಾದುಹೋಗುವ ಹೊಸಹಳ್ಳಿ–ಕಡಬಗೆರೆ ಮಾರ್ಗವೂ ಸೇರಿದ ಮೆಟ್ರೊ ಮೂರನೇ ಹಂತಕ್ಕೆ, ಅಂದರೆ 15,611 ಕೋಟಿ ರೂಪಾಯಿಗೆ, ಕೇಂದ್ರ ಸಂಪುಟ 2024ರ ಆಗಸ್ಟಿನಲ್ಲಿ ಒಪ್ಪಿಗೆ ಕೊಡಲಿಲ್ಲವೇ? ಕೊಟ್ಟಿತು. ಆದರೆ ಆ ಕಡತಕ್ಕೆ ಯಾರೂ ನೀರಿನ ಬಾಟಲಿಯ ಬಿಲ್ಲು ಲಗತ್ತಿಸಿರಲಿಲ್ಲ.

ತಿಂಗಳ ಕೊನೆಯ ದಿನದ ಮಹಿಮೆಯನ್ನು ಹೇಳದೆ ವಿಧಿಯಿಲ್ಲ. ಅಂದು ಲೆಕ್ಕ ಮುಚ್ಚಬೇಕು. ಮೂರು ವಾರ ಮೌನವ್ರತದಲ್ಲಿದ್ದ ಫೈನಾನ್ಸೇ ನೌಕರನನ್ನು ಹುಡುಕಿಕೊಂಡು ಫೋನು ಮಾಡುತ್ತದೆ. ಮ್ಯಾನೇಜರ್ ‘ಸೆಲೆಕ್ಟ್ ಆಲ್’ ಒತ್ತಿ, ಒಂದನ್ನೂ ತೆರೆಯದೆ, ಸಗಟಾಗಿ ಮೋಕ್ಷ ಕರುಣಿಸುತ್ತಾರೆ. ನಮ್ಮ ಇಂಜಿನಿಯರನ ಹೊಸೂರು ಪ್ರವಾಸದ ಲಾಡ್ಜು, ಟ್ಯಾಕ್ಸಿ, ಬಿಲ್ಲಿನ ಬದಲು ಕಣ್ತಪ್ಪಿನಿಂದ ಲಗತ್ತಾಗಿದ್ದ ಮಗಳ ಪ್ರೋಗ್ರೆಸ್ ಕಾರ್ಡಿನ ಫೋಟೊ, ಎಲ್ಲವೂ ಪಾಸಾದವು. 20 ರೂಪಾಯಿಯ ನೀರಿನ ಬಾಟಲಿಯೊಂದು ಹಿಂದಕ್ಕೆ ಬಂತು, ‘ಪ್ಲೀಸ್ ಡಿಸ್ಕಸ್’ ಎಂಬ ಷರಾ ಹೊತ್ತು.